ಬೇಲಿ ಆಚೆಯ ಗಾಡಿ ರಿಪೇರಿಯವನು

ನಮ್ಮ ಹೊಲ ಅಳೆಯಲು ಸರ್ವೆಯವರು ಬಂದಾಗ ನನಗೆ ಅರವತ್ತೊಂದು. ಒಂಬತ್ತು ವರ್ಷದ ಹಿಂದಿನ ಮಾತು. ಆ ಗಾಡಿ ರಿಪೇರಿಯವನ ಎಡಗೈಯ ತೋರುಬೆರಳು ಅರ್ಧವೇ ಇತ್ತು. ಮಿಕ್ಕ ಅರ್ಧವನ್ನು ಯಾವುದೋ ಬೈಕಿನ ಚೈನು ತಿಂದಿತ್ತಂತೆ. ಆ ಮೋಟು ಬೆರಳನ್ನೇ ಮುಂದೆ ಮಾಡಿಕೊಂಡು ಅವನು ಜನರನ್ನು ಬೈಯುತ್ತಿದ್ದ. ನನ್ನನ್ನೂ ಹಾಗೇ ಬೈದ, ಹನ್ನೆರಡು ವರ್ಷ. ನಾನೂ ಬಿಡಲಿಲ್ಲ.

ಸತ್ತವರನ್ನೆಲ್ಲ ಒಳ್ಳೆಯವರು ಎಂದು ಬರೆಯುತ್ತಾರೆ. ಇವನು ಒಳ್ಳೆಯವನಲ್ಲ. ಬಾಯಿ ಕೆಟ್ಟದ್ದು, ಸಿಟ್ಟು ಮೂಗಿನ ತುದಿಯಲ್ಲೇ. ನಾನೂ ಅಂಥವಳೇ. ಅದಕ್ಕೇ ನಮಗೆ ಆಗಿಬರಲಿಲ್ಲ.

ನಮ್ಮ ಹೊಲ ತುಮಕೂರಿನಿಂದ ಕುಣಿಗಲ್ಲಿಗೆ ಹೋಗುವ ರಸ್ತೆಯ ಮಗ್ಗುಲಲ್ಲಿದೆ. ಒಂದು ಎಕರೆ ಹತ್ತು ಗುಂಟೆ. ಮೊದಲು ಅದು ಗೋಮಾಳ, ಊರ ದನ ಮೇಯಲಿ ಎಂದು ಸರ್ಕಾರ ಬಿಟ್ಟಿದ್ದ ನೆಲ. ನಮ್ಮ ಯಜಮಾನರು ಕಳ್ಳಿ ಕಡಿದು, ಕಲ್ಲು ಆರಿಸಿ ಉತ್ತರು. ಎಷ್ಟೋ ವರ್ಷ ಓಡಾಡಿದ ಮೇಲೆ ಸರ್ಕಾರ ಸಾಗುವಳಿ ಚೀಟಿ ಕೊಟ್ಟಿತು, ಮೂಲೆಮೂಲೆಗೆ ಗಡಿ ತೋರಿಸುವ ಬಾಂದು ಕಲ್ಲು ನೆಡಿಸಿತು. ಯಜಮಾನರು ಹೋದ ಮೇಲೆ ರಾಗಿ, ತೆಂಗು ಎಲ್ಲ ನಾನೇ ನೋಡಿಕೊಂಡೆ. ನಮ್ಮ ಬೇಲಿಗೂ ರಸ್ತೆಗೂ ನಡುವೆ ಒಂದು ಪಟ್ಟಿ ನೆಲ ಇದೆ. ಅದು ಈಗಲೂ ಸರ್ಕಾರದ್ದೇ. ಅಲ್ಲೊಂದು ಹೊಂಗೆ ಮರ.

ಒಂದು ಬೆಳಿಗ್ಗೆ ನೋಡಿದರೆ ಹೊಂಗೆ ಮರದ ಕೆಳಗೆ ನಾಲ್ಕು ಕಂಬ, ಮೇಲೆ ತಗಡು. ಗುಬ್ಬಿ ಕಡೆಯವನು, ಉಪ್ಪಾರಹಳ್ಳಿಯಲ್ಲಿ ಬಾಡಿಗೆ ಮನೆ ಮಾಡಿಕೊಂಡಿದ್ದವನು, ಬೈಕ್ ರಿಪೇರಿ ಅಂಗಡಿ ಹಾಕಿದ್ದ.

"ಯಾರನ್ನ ಕೇಳಿ ಹಾಕ್ದೆ ಇದ್ನ?" ಅಂದೆ.

"ನಿನ್ನ ಯಾಕ್ ಕೇಳ್ಲಿ? ಸರ್ಕಾರಿ ಜಾಗ ಕಣಮ್ಮ."

"ಸರ್ಕಾರ ನಿನ್ಗೆ ಬರ್ಕೊಟ್ಟದಾ?"

"ನಿನ್ಗೆ ಬರ್ಕೊಡೋ ಮುಂಚೆ ನಿನ್ ಗಂಡ ಉಳ್ಲಿಲ್ವಾ? ಹಂಗೇ."

ಅವನು ಹೇಳಿದ್ದು ನಿಜ. ನಿಜವಾದ್ದಕ್ಕೇ ಸಿಟ್ಟು ಇನ್ನೂ ಏರಿತು. ಅವತ್ತಿನಿಂದ ಶುರು. ಅವನ ಗಾಡಿಗಳು ನಮ್ಮ ಹೊಲದ ದಾರಿಗೆ ಅಡ್ಡ ನಿಂತರೆ ನಾನು ತಳ್ಳಿ ಬೀಳಿಸುತ್ತಿದ್ದೆ. ನನ್ನ ಮೇಕೆ ಅವನ ಸೀಟಿನ ರೆಕ್ಸಿನ್ ಕಿತ್ತರೆ ಅವನು ಮೇಕೆಯನ್ನು ಕಂಬಕ್ಕೆ ಕಟ್ಟಿಹಾಕಿ ಸಂಜೆವರೆಗೂ ಬಿಡುತ್ತಿರಲಿಲ್ಲ. ಸುಟ್ಟ ಇಂಜಿನ್ ಆಯಿಲ್ಲನ್ನು ಬೇಲಿ ಬುಡಕ್ಕೇ ಸುರಿಯುತ್ತಿದ್ದ. ಬೇಲಿಯ ಲಂಟಾನ ಕೂಡ ಸತ್ತಿತು. ಲಂಟಾನ ಸಾಯುವುದನ್ನು ನಾನು ಅಲ್ಲಿಯೇ ನೋಡಿದ್ದು.

ಕೆಲಸ ಮಾತ್ರ ಬಲ್ಲವನು. ಗಾಡಿ ಬಂದರೆ ಏನಾಯಿತು ಎಂದು ಕೇಳುತ್ತಿರಲಿಲ್ಲ. ಸ್ಟಾರ್ಟ್ ಮಾಡಿಸಿ, ಸ್ಕ್ರೂಡ್ರೈವರಿನ ತುದಿ ಇಂಜಿನ್ನಿಗೆ ಇಟ್ಟು ಹಿಡಿಯನ್ನು ಕಿವಿಗೆ ಒತ್ತಿಕೊಂಡು ಕಣ್ಣು ಮುಚ್ಚುತ್ತಿದ್ದ, ಡಾಕ್ಟರು ಎದೆ ನೋಡುವ ಹಾಗೆ. ಆಮೇಲೆ ಮೋಟು ಬೆರಳು ಎತ್ತಿ, "ಗಾಡಿ ಸರಿಯಾಗೈತೆ. ಓಡ್ಸೋನು ಸರಿಯಿಲ್ಲ" ಅನ್ನುತ್ತಿದ್ದ. ಎಲ್ಲರಿಗೂ ಅದೇ ಮಾತು. ಬೈಸಿಕೊಂಡೂ ಬರುತ್ತಿದ್ದರು.

ಬಂದವರು ಸುಮ್ಮನೆ ಕೂರುತ್ತಿರಲಿಲ್ಲ. ಬೈಕಿನವರ ಬಾಯಿಗೆ ಎರಡೇ ವಿಷಯ, ಮೈಲೇಜು ಮತ್ತು ಸರ್ಕಾರಿ ಜಾಗ. ದಿನಾ ಬರುವವರಲ್ಲಿ ಇಬ್ಬರು ಮುಖ್ಯ. ಒಬ್ಬ ಕುಣಿಗಲ್ಲಿನವನು, ತುಮಕೂರಿನಲ್ಲಿ ಸಂಬಳದ ಕೆಲಸ. ಇನ್ನೊಬ್ಬ ಊರ್ಡಿಗೆರೆಯವನು, ಕೊಬ್ಬರಿ ವ್ಯಾಪಾರಕ್ಕೆ ಊರೂರು ಸುತ್ತುವವನು. ನಾನು ಬೇಲಿ ಈಚೆ ಕಳೆ ಕೀಳುತ್ತಾ ಎಲ್ಲ ಕೇಳಿಸಿಕೊಳ್ಳುತ್ತಿದ್ದೆ.

"ನಮ್ಮಾವ ಮಾರ್ಕೋನಹಳ್ಳಿ ಡ್ಯಾಮ್ ಹಿನ್ನೀರ್ನಾಗೆ ಮೂರೆಕ್ರೆ ಉಳ್ತಾವ್ರೆ ಕಣ್ಲಾ," ಅನ್ನುತ್ತಿದ್ದ ಕುಣಿಗಲ್ಲಿನವನು. "ನೀರಿಳಿದ್ರೆ ಮಾವಂದು. ಏರಿದ್ರೆ ಸರ್ಕಾರದ್ದು."

"ಮೀನು ಯಾರ್ದ್ಲಾ ಹಂಗಾದ್ರೆ?"

"ಮೀನಿಗೆ ಪಹಣಿ ಇಲ್ಲ, ಬುಡು. ನಮ್ಮಾವ ಫಾರಂ ಹಾಕಿ ಹದ್ನೈದ್ ವರ್ಷ ಆಯ್ತು. ತಾಲ್ಲೂಕ್ ಆಫೀಸಿಗೆ ಹೋದ್ರೆ ಫೈಲು ಮೂವ್ ಆಗೈತೆ ಅಂತಾರೆ. ಎಲ್ಲಿಗೆ ಮೂವ್ ಆಯ್ತು ಅಂದ್ರೆ ಗೊತ್ತಿಲ್ಲ ಅಂತಾರೆ. ನನ್ ಗಾಡಿಗಿಂತ ಆ ಫೈಲೇ ಜಾಸ್ತಿ ಕಿಲೋಮೀಟ್ರು ಓಡೈತೆ."

"ಈ ಅಜ್ಜಿ ಹೊಲನೂ ಗೋಮಾಳನೇ ಅಲ್ವಾ?"

"ಹೂಂ. ಅಜ್ಜಿ ಹೋದ್ಮೇಲೆ ಒಂದ್ ಡಾಬಾ ಹಾಕಿದ್ರೆ ಒಳ್ಳೆ ಜಾಗ."

"ನಾನ್ ಹೋಗೋದ್ರೊಳ್ಗೆ ನಿನ್ ಗಾಡಿ ಗುಜರಿಗೆ ಹೋಗಿರ್ತದೆ, ನೋಡ್ಕ," ಅನ್ನುತ್ತಿದ್ದೆ ಈಚೆಯಿಂದ. ಅವರು ನಗುತ್ತಿದ್ದರು. ರಿಪೇರಿಯವನು ನಗುತ್ತಿರಲಿಲ್ಲ. ತಲೆ ಎತ್ತದೆ, "ಸರ್ಕಾರಿ ಜಾಗದಾಗೇ ಕುಂತು ಸರ್ಕಾರಿ ಜಾಗದ ಮಾತು ಯಾಕ್ರಲಾ? ಎದ್ದು ಸ್ಪ್ಯಾನರ್ ಕೊಡಿ" ಅನ್ನುತ್ತಿದ್ದ.

ಹೀಗೆ ನಾಲ್ಕು ವರ್ಷ ಕಳೆಯಿತು. ನಮ್ಮ ಹೊಲದ ಪಕ್ಕದಲ್ಲಿ ಯಾರೋ ಲೇಔಟ್ ಮಾಡಲು ಬಂದರು. ಬಿಳಿ ಕಾರಿನವರು. ಅವರಿಗೆ ಒಳಗೆ ಹೋಗಲು ರಸ್ತೆ ಅಗಲ ಸಾಲದು. ನಾನು ಸರ್ಕಾರಿ ಜಾಗ ಒತ್ತುವರಿ ಮಾಡಿದ್ದೇನೆ ಎಂದು ಅರ್ಜಿ ಕೊಟ್ಟರು. ಅಳೆಯಲು ಬರುತ್ತೇವೆ ಎಂದು ನನಗೆ ನೋಟೀಸು ಬಂತು. ಎರಡು ಸಲ ಓದಿಸಿಕೊಂಡೆ, ಮೂರನೇ ಸಲ ನಾನೇ ಅಕ್ಷರ ಕೂಡಿಸಿ ಓದಿದೆ. ಹೆದರಿಕೆ ಇರಲಿಲ್ಲ. ನಾಲ್ಕು ಮೂಲೆಗೂ ಕಲ್ಲಿದೆಯಲ್ಲ ಅಂದುಕೊಂಡೆ.

ಸರ್ವೆಯವರು ಚೈನು ಹಿಡಿದು ಬಂದರು. ಮೂರು ಮೂಲೆಯ ಕಲ್ಲು ಸಿಕ್ಕಿತು. ರಸ್ತೆ ಕಡೆಯ ಮೂಲೆಯದು ಇರಲಿಲ್ಲ. ಅಲ್ಲಿ ರಿಪೇರಿ ಅಂಗಡಿಯ ಹಿಂದಿನ ಕಂಬ ನಿಂತಿತ್ತು.

ಬೇಲಿ ಇದೆಯಲ್ಲ ಸ್ವಾಮಿ, ಅಂದೆ. "ಬೇಲಿ ಯಾರ್ ಬೇಕಾದ್ರೂ ಎಲ್ಲಿಗ್ ಬೇಕಾದ್ರೂ ಹಾಕ್ಬೋದಮ್ಮ. ಕಲ್ಲಿಲ್ಲ ಅಂದ್ರೆ ರಸ್ತೆ ಮಧ್ಯದಿಂದ ಅಳೀಬೇಕು," ಅಂದರು. ರಸ್ತೆಯನ್ನು ಒಮ್ಮೆ ಅಗಲ ಮಾಡಿದ್ದರು, ನಮ್ಮ ಕಡೆಗೇ ಸರಿದಿತ್ತು. ಅಲ್ಲಿಂದ ಅಳೆದರೆ ಗೆರೆ ನಮ್ಮ ಹೊಲದ ಒಳಗೆ ಬಂತು. ಆರು ತೆಂಗಿನ ಮರ, ಬೋರ್‌ವೆಲ್ ಎಲ್ಲ ಆಚೆಗೆ ಹೋದವು. ಬೋರ್‌ವೆಲ್ ಹೋದರೆ ಮಿಕ್ಕ ಹೊಲ ಇದ್ದೂ ಇಲ್ಲದ ಹಾಗೆ. ಎಲ್ಲ ಮರಕ್ಕೂ ಅದರದೇ ನೀರು.

ನಾನು ಬೇಲಿ ದಾಟಿ ಹೋಗಿ ರಿಪೇರಿಯವನ ಅಂಗಿ ಹಿಡಿದೆ.

"ಕಲ್ಲು ಎಲ್ಲಿ ಹಾಕ್ದೆ ಹೇಳ್ಲಾ, ಕಳ್ಳ."

"ಕೈ ತೆಗಿ," ಅಂದ.

ಅವತ್ತು ಬೈಕಿನವರು ಏಳೆಂಟು ಜನ ಸೇರಿದ್ದರು. ಕುಣಿಗಲ್ಲಿನವನು ಅವನಿಗೆ ಕಣ್ಣಲ್ಲೇ ಸುಮ್ಮನಿರು ಎಂದು ಸನ್ನೆ ಮಾಡಿದ್ದನ್ನು ನಾನು ನೋಡಿದೆ. ಬಿಳಿ ಕಾರಿನವನು ಇಳಿಯಲೂ ಇಲ್ಲ. ಗಾಜು ಇಳಿಸಿ, "ಬೇಗ ಮುಗ್ಸಿ ಸಾರ್, ಬಿಸ್ಲು" ಅಂದ. ಆಮೇಲೆ ರಿಪೇರಿಯವನ ಕಡೆ ತಿರುಗಿ, "ಏಯ್, ಆ ಗಾಡಿ ತೆಗಿಯೋ ಅತ್ಲಾಗೆ" ಅಂದ.

ಅಂಗಡಿ ಮುಂದೆ ಒಂದು ಬೈಕು ಹಿಂದಿನ ಚಕ್ರ ಬಿಚ್ಚಿಕೊಂಡು ನಿಂತಿತ್ತು. ಅದರ ಇಂಜಿನ್ ಕೆಳಗೆ ಆತುಕೊಳ್ಳಲು ಒಂದು ಕಲ್ಲು ಕೊಟ್ಟಿದ್ದ. ನಾಲ್ಕು ವರ್ಷದಿಂದ ಎಲ್ಲ ಗಾಡಿಗೂ ಅದೇ ಕಲ್ಲು. ಗ್ರೀಸು, ಆಯಿಲ್ಲು ಕುಡಿದು ಇದ್ದಿಲಿನ ಹಾಗೆ ಕಪ್ಪಾಗಿತ್ತು. ಅವನಿಲ್ಲದಾಗ ನಾನೇ ಎಷ್ಟೋ ಸಲ ಅದರ ಮೇಲೆ ಕುಡುಗೋಲು ಮಸೆದಿದ್ದೆ. ಅವನು ಬೈಕನ್ನು ಒಂದು ಪಕ್ಕಕ್ಕೆ ಒರಗಿಸಿ, ಆ ಕಲ್ಲನ್ನು ಕಾಲಿನಿಂದ ಉರುಳಿಸಿದ. ಅಡಿಯಾಗಿದ್ದ ತಲೆ ಮೇಲೆ ಬಂತು. ಚಿಂದಿಯನ್ನು ಪೆಟ್ರೋಲಿನಲ್ಲಿ ಅದ್ದಿ ಉಜ್ಜಿದ. ಅಡ್ಡ ಒಂದು ಗೆರೆ, ಉದ್ದ ಒಂದು ಗೆರೆ. ಸರ್ವೆಯವರ ಗುರುತು.

"ಅಂಗಡಿ ಹಾಕ್ವಾಗ ಅಡ್ಡ ಬಂತು, ಕಿತ್ತೆ. ಗಾಡಿಗೆ ಆಗ್ತದೆ ಅಂತ ಮಡಿಕ್ಕೊಂಡೆ," ಅಂದ.



"ಬಾಂದು ಕಲ್ಲು ಕಿತ್ರೆ ಕೇಸಾಗ್ತದೆ, ಗೊತ್ತಾ?" ಅಂದರು ಸರ್ವೆಯವರು. "ಅದೂ ಅಲ್ದೆ ಕಿತ್ತ ಕಲ್ಲು ಸಿಕ್ಕಿ ಏನ್ ಪ್ರಯೋಜನ? ಎಲ್ಲಿತ್ತು ಅಂತ ಹೆಂಗೆ ಹೇಳೋದು?"

ಆಗ ನನಗೆ ನೆನಪಾಯಿತು. ಕಲ್ಲು ನೆಡುವ ದಿನ ನಮ್ಮ ಯಜಮಾನರು ಪ್ರತಿ ಗುಂಡಿಗೂ ಒಂದು ಮಂಕರಿ ಇದ್ದಿಲು ಸುರಿದಿದ್ದರು. ನಮ್ಮ ಕಡೆ ಹಳಬರು ಹಾಗೇ ಮಾಡುತ್ತಿದ್ದರು. ಕಲ್ಲು ಹೋದರೂ ಇದ್ದಿಲು ಮಣ್ಣಲ್ಲಿ ಕೊಳೆಯುವುದಿಲ್ಲ. ಅದನ್ನು ಹೇಳಿದೆ. ಅಗೆಯಬೇಕು ಅಂದರು. ಅಗೆಯಬೇಕಾದರೆ ಕಂಬ ಕೀಳಬೇಕು. ಕಂಬ ಕಿತ್ತರೆ ತಗಡು ನಿಲ್ಲುವುದಿಲ್ಲ. ಅಷ್ಟೇ ಅಲ್ಲ, ಸರ್ಕಾರಿ ಪಟ್ಟಿಯಲ್ಲಿ ಅಂಗಡಿ ಇದೆ ಎಂದು ಮಹಜರಿನಲ್ಲಿ ಬರೆಯಬೇಕಾಗುತ್ತದೆ, ಬರೆದ ಮೇಲೆ ಅಂಗಡಿ ತೆಗೆಸದೆ ಬಿಡಲು ಬರುವುದಿಲ್ಲ ಎಂದು ಸರ್ವೆಯವರು ಅವನಿಗೆ ಬಿಡಿಸಿ ಹೇಳಿದರು.

ಅವನು ಹಾರೆ ತಗೊಂಡು ತಾನೇ ಕಂಬ ಕಿತ್ತ. ಮೊಣಕಾಲುದ್ದ ಅಗೆದಾಗ ಇದ್ದಿಲು ಸಿಕ್ಕಿತು.

ಗೆರೆ ನಮ್ಮ ಬೇಲಿಗೇ ಬಂತು. ಮರ ಉಳಿದವು, ಬೋರ್‌ವೆಲ್ ಉಳಿಯಿತು. ಕೇಸು ಹಾಕಲಿಲ್ಲ, ಬೈದು ಬಿಟ್ಟರು. ಆದರೆ ಅದೇ ವಾರ ಅಂಗಡಿ ತೆರವಾಯಿತು.

ತಗಡು ಗಾಡಿಗೆ ಏರಿಸುವಾಗ ನಾನು ಹೋಗಿ ಕೇಳಿದೆ, ಯಾಕ್ ಹೇಳ್ದೆ ಎಂದು.

"ನಿನ್ಗೋಸ್ಕರ ಹೇಳ್ಲಿಲ್ಲ. ಏಯ್ ಅಂದ ನಂಗೆ, ಕಾರಿಂದ ಇಳೀದೇ. ನಾಕು ಚಕ್ರದೋನಿಗೆ ನಾನ್ಯಾಕೆ ಜಾಗ ಮಾಡ್ಕೊಡ್ಲಿ?" ಮೋಟು ಬೆರಳು ನನ್ನ ಮೂಗಿನ ಹತ್ತಿರ ತಂದ. "ಇನ್ನೊಂದ್ಸಲ ಕಳ್ಳ ಅಂದ್ರೆ ಸುಮ್ಕಿರಲ್ಲ. ಕಲ್ಲು ಕಿತ್ತೋನು ನಾನು. ಅದನ್ನ ಕದ್ದಿಲ್ಲ, ನಿನ್ ಕಣ್ಣೆದ್ರಿಗೇ ಇತ್ತು."

ಅವನು ಜಾಗ ಬಿಟ್ಟು ಹೋಗಲಿಲ್ಲ. ತಗಡು ಹಾಕುವಂತಿಲ್ಲ ಎಂದರೆ ಬೇಡ ಅಂದ. ಒಂದು ಪೆಟ್ಟಿಗೆಯಲ್ಲಿ ಸಾಮಾನು ಕಟ್ಟಿಕೊಂಡು ಬೆಳಿಗ್ಗೆ ಬರುವುದು, ಹೊಂಗೆ ಮರದ ಕೆಳಗೆ ಗೋಣಿ ಹಾಸಿಕೊಂಡು ಕೂರುವುದು, ಸಂಜೆ ಎಲ್ಲ ಕಟ್ಟಿಕೊಂಡು ಹೋಗುವುದು. ಎಂಟು ವರ್ಷ ಹಾಗೇ ಮಾಡಿದ. ಮಳೆ ಬಂದರೆ ಬಿಚ್ಚಿದ ಗಾಡಿಗೆ ಪ್ಲಾಸ್ಟಿಕ್ ಹೊದಿಸಿ ತಾನು ನೆನೆಯುತ್ತಿದ್ದ.

ಪಂಕ್ಚರ್ ನೋಡಲು ಬಾಣಲೆಯಲ್ಲಿ ನೀರು ಬೇಕು. ಅದನ್ನು ಮನೆಯಿಂದ ಕ್ಯಾನಿನಲ್ಲಿ ತರುತ್ತಿದ್ದ. ಹತ್ತು ಹೆಜ್ಜೆ ಈಚೆ ನನ್ನ ಬೋರ್‌ವೆಲ್ ಓಡುತ್ತಿತ್ತು. ಅವನು ಕೇಳಲಿಲ್ಲ. ನಾನೂ ಕರೆದು ಕೊಡಲಿಲ್ಲ. ಒಂದು ಬೇಸಿಗೆಯಲ್ಲಿ ಪೈಪನ್ನು ಬೇಲಿಯ ಮೇಲೆ ಹಾಯಿಸಿ ಅವನ ಬಾಣಲೆಯ ಪಕ್ಕಕ್ಕೆ ಬಿಟ್ಟು ಬಂದೆ. ಅವನು ಕಾಲಿನಿಂದ ಈಚೆಗೆ ತಳ್ಳಿದ.

"ನಿನ್ ನೀರು ನೀನೇ ಕುಡಿ."

"ಒಣಗಿ ಸಾಯಿ ಹಂಗಾದ್ರೆ," ಅಂದೆ. ಮತ್ತೆ ಪೈಪ್ ಹಾಕಲಿಲ್ಲ. ಹಾಕಬೇಕಿತ್ತು. ಹತ್ತು ಸಲ ತಳ್ಳಿದರೂ ಹಾಕಬೇಕಿತ್ತು. ಈಗ ಹೇಳಿ ಏನು.

ಹೋದ ವರ್ಷ ಒಂದು ದಿನ ಅವನು ಬರಲಿಲ್ಲ. ಮಧ್ಯಾಹ್ನ ಊರ್ಡಿಗೆರೆಯವನು ಬಂದು ಹೇಳಿದ. ಉಪ್ಪಾರಹಳ್ಳಿಯಿಂದ ಹೊರಟವನು ದಾರಿಯಲ್ಲಿ ಎದೆ ಹಿಡಿದುಕೊಂಡನಂತೆ. ಗಾಡಿ ಬದಿಗೆ ತಂದು, ಸ್ಟ್ಯಾಂಡ್ ಹಾಕಿ, ಕೀ ತೆಗೆದು ಜೇಬಿಗೆ ಇಟ್ಟುಕೊಂಡು ಕೂತನಂತೆ. ಎಬ್ಬಿಸಲು ಹೋದರೆ ಜೀವ ಇರಲಿಲ್ಲ.

ಮಣ್ಣಿಗೆ ಹೋಗಿದ್ದೆ. ಅವನ ಹೆಂಡತಿ ನನ್ನನ್ನು ಗುರುತು ಹಿಡಿದಳು. "ಬೇಲಿ ಅಮ್ಮ ನೀವೇ ಅಲ್ವಾ? ನಿಮ್ ಬೋರ್‌ವೆಲ್ ಉಳಿಸಿ ಎಂಟು ವರ್ಷ ಮಳೇಲಿ ನೆಂದ್ರು. ಒಂದಿನ ಕರ್ದು ಸೂರಿನ ಕೆಳ್ಗೆ ಕೂರ್ಸಿದ್ರಾ?" ಅಂದಳು. ಜನ ಎಲ್ಲ ನನ್ನ ಕಡೆ ತಿರುಗಿದರು. ಇಲ್ಲ, ಅಂದೆ.  ನಮ್ಮ ಹೊಲದ ಮೂಲೆಯಲ್ಲಿ ಒಂದಷ್ಟು ಜಾಗ ಅವನಿಗೆ ಬಿಟ್ಟುಕೊಟ್ಟಿದ್ದರೆ ನನ್ನ ಗಂಟೇನೂ ಹೋಗುತ್ತಿರಲಿಲ್ಲ. ಅದು ನನ್ನ ತಲೆಗೆ ಬಂದಿರಲಿಲ್ಲ ಎಂದರೆ ಸುಳ್ಳು. ಬಂದಿತ್ತು. ಅವನೇ ಕೇಳಲಿ ಎಂದು ಕಾದೆ.

ಮೂರನೇ ದಿನ ಸಂಜೆ ಬೈಕಿನವರು ಹೊಂಗೆ ಮರದ ಕೆಳಗೆ ಸೇರಿದರು. ರಿಪೇರಿ ಇಲ್ಲ, ಏನಿಲ್ಲ, ಅಭ್ಯಾಸ.

"ಅವತ್ತು ಬಾಯ್ ಮುಚ್ಕೊಂಡಿದ್ದಿದ್ರೆ ಅಂಗ್ಡಿ ಉಳೀತಿತ್ತು," ಅಂದ ಕುಣಿಗಲ್ಲಿನವನು. "ಕಲ್ಲು ತೋರ್ಸಿ ಏನ್ ಸಿಕ್ತು? ದಡ್ಡ ಕಣ್ಲಾ ಅವ್ನು."

"ದಡ್ಡನೇ. ಒಳ್ಳೆ ಪಾಯಿಂಟು ಇದು. ನಿಮ್ ಭಾಮೈದ ಎಗ್ ರೈಸ್ ಹಾಕ್ತೀನಿ ಅಂತಿದ್ನಲ್ಲ?"

"ಸೋಮವಾರನೇ ಕಂಬ ನೆಡ್ತೀವಿ. ಅಜ್ಜಿ, ನಿನ್ ಹೊಲಕ್ಕೇನೂ ತೊಂದ್ರೆ ಇಲ್ಲ ಕಣವ್ವ. ಒಂದ್ ಪೈಪ್ ನೀರು ಕೊಡು, ಸಾಕು."

ನಾನು ಎದ್ದು ಮನೆಗೆ ಬಂದೆ.

ಮರುದಿನ ಬೆಳಿಗ್ಗೆ ಬೆಳಕು ಹರಿಯುತ್ತಲೇ ಕೊಟ್ಟಿಗೆ ಹಿಂದಿನ ತಿಪ್ಪೆಗೆ ಕೈ ಹಾಕಿದೆ. ಮಂಕರಿ ತುಂಬುವುದು, ಬೇಲಿ ದಾಟುವುದು, ಹೊಂಗೆ ಮರದ ಕೆಳಗೆ ಸುರಿಯುವುದು. ಅವನು ಗೋಣಿ ಹಾಸಿ ಕೂರುತ್ತಿದ್ದ ಜಾಗದಿಂದಲೇ ಶುರು ಮಾಡಿದೆ. ಹಸಿ ಸಗಣಿ, ಗಂಜಲ ನೆನೆದ ಹುಲ್ಲು, ಕೊಳೆತ ಸೋಗೆ, ಒಂದೂ ಬಿಡಲಿಲ್ಲ. ಆಫೀಸಿಗೆ ಹೊರಟಿದ್ದ ಕುಣಿಗಲ್ಲಿನವನು ಗಾಡಿ ನಿಲ್ಲಿಸಿ ಮೂಗು ಮುಚ್ಚಿಕೊಂಡ.

"ಇದೇನಜ್ಜಿ? ಸರ್ಕಾರಿ ಜಾಗಕ್ಕೆ ತಿಪ್ಪೆ ಹಾಕ್ತಿದೀಯ. ಒತ್ತುವರಿ ಅಲ್ವಾ ಇದು?"

"ಒತ್ತುವರಿನೇ. ಹೋಗಿ ಅರ್ಜಿ ಕೊಡು," ಅಂದೆ. ಮಂಕರಿ ಎತ್ತಿಕೊಂಡು ಇನ್ನೊಂದು ಸಲ ತುಂಬಲು ಹೋದೆ.