ದಂಗೆಯ ಹಡಗೂ ದೊಡ್ಡಮ್ಮನ ಹಂದಿಯೂ

ನಮ್ಮ ದೊಡ್ಡಮ್ಮ ಫೈಮಾನೊ ಸಿನಿಮಾದಲ್ಲಿ ಕಾಣಿಸಿಕೊಳ್ಳುವುದು ಬರೀ ಒಂದೂಕಾಲು ನಿಮಿಷ. ಆ ಒಂದೂಕಾಲು ನಿಮಿಷ ಅವಳು ಗೋಳಾಡಿದ್ದನ್ನು ನೋಡಿ ಎಲ್ಲೆಲ್ಲಿಯದೋ ದೇಶದ ಜನ ಕಣ್ಣೊರೆಸಿಕೊಂಡರಂತೆ. ತಹೀತಿ ದ್ವೀಪದ ನಮ್ಮೂರು ವೈತಾರಾದವರು ಮಾತ್ರ ಆ ಜಾಗ ಬಂದಾಗಲೆಲ್ಲ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು.

ಅಮೆರಿಕದ ಕಂಪನಿಯವರು ನಮ್ಮ ಕೊಲ್ಲಿಗೆ ಮೂರು ಕಂಬದ ಹಡಗು ತಂದು ನಿಲ್ಲಿಸಿದ್ದು ಅರವತ್ತೊಂದರಲ್ಲಿ. ಹಳೆಯ ಕಾಲದ ನಾವಿಕರು ಕ್ಯಾಪ್ಟನ್ ವಿರುದ್ಧ ದಂಗೆ ಎದ್ದು, ಅವನನ್ನು ಚಿಕ್ಕ ದೋಣಿಯಲ್ಲಿ ನಡುಗಡಲಿಗೆ ಬಿಟ್ಟು, ತಹೀತಿಗೆ ವಾಪಸ್ಸು ಬರುವ ಕಥೆ. ಹಡಗು ಹೊರಗೆ ಹಾಯಿ, ಒಳಗೆ ಡೀಸೆಲ್ ಇಂಜಿನ್ನು. ಊರಿಗೆ ಊರೇ ವೇಷ ಕಟ್ಟಿಕೊಂಡಿತು. ಗಂಡಸರು ಮೈಗೆ ಎಣ್ಣೆ ಬಳಿದುಕೊಂಡು ದೋಣಿ ಹತ್ತಿದರು, ಹೆಂಗಸರು ಹೂವು ಮುಡಿದು ದಡದಲ್ಲಿ ನಿಂತರು. ಇದೆಲ್ಲ ಸೈತಾನನ ಕೆಲಸ ಅಂತ ಎರಡು ಭಾನುವಾರ ಬೈದ ಪಾದ್ರಿಯೂ ಮೂರನೆಯ ವಾರ ಮುದಿ ಪೂಜಾರಿಯ ವೇಷದಲ್ಲಿ ಕೋಲೂರಿ ನಿಂತಿದ್ದರು.

ಆಗ ದೊಡ್ಡಮ್ಮನಿಗೆ ಹತ್ತೊಂಬತ್ತು. ಊರಿನ ಹುಡುಗಿಯರಲ್ಲೆಲ್ಲ ಎತ್ತರ. ದನಿಯಂತೂ, ಅವಳು ದಡದಲ್ಲಿ ನಿಂತು ತಮ್ಮನನ್ನು ಊಟಕ್ಕೆ ಕರೆದರೆ ಹವಳದ ದಿಬ್ಬದಾಚೆ ಮೀನು ಹಿಡಿಯುತ್ತಿದ್ದವರು ತಮ್ಮನ್ನೇ ಕರೆದರೆಂದು ಬಲೆ ಸುತ್ತುತ್ತಿದ್ದರು. ಕೇದಗೆ ಗರಿಯಲ್ಲಿ ಟೋಪಿ ಹೆಣೆಯುವುದು, ಕೊಬ್ಬರಿ ಒಣಗಿಸುವುದು ಅವಳ ಕೆಲಸ. ಇವೆರಡಕ್ಕಿಂತ ಹೆಚ್ಚು ಅವಳು ಮನಸ್ಸಿಟ್ಟಿದ್ದು ಒಂದು ಮಚ್ಚೆ ಮಚ್ಚೆ ಹೆಣ್ಣುಹಂದಿಯ ಮೇಲೆ. ತಾಯಿ ಸತ್ತ ಮರಿಯನ್ನು ತೆಂಗಿನ ಹಾಲು ಕುಡಿಸಿ ಸಾಕಿದ್ದಳು. ಅದು ಅವಳ ಹಿಂದೆಯೇ ಚರ್ಚಿಗೆ ಬಂದು, ಪ್ರಸಂಗ ಮುಗಿಯುವ ತನಕ ಬಾಗಿಲಲ್ಲಿ ಮಲಗಿರುತ್ತಿತ್ತು. ನಡಿಗೆಯಲ್ಲಿ ಫ್ರೆಂಚ್ ಅಧಿಕಾರಿಯ ಹೆಂಡತಿಯ ಠೀವಿ ಇದೆ ಅಂತ ದೊಡ್ಡಮ್ಮ ಅದಕ್ಕೆ ಮದಾಮ್ ಎಂದು ಹೆಸರಿಟ್ಟಿದ್ದಳು.

ಶೂಟಿಂಗ್ ಶುರುವಾಗಿ ಮೂರನೆಯ ವಾರ ಮದಾಮ್ ಕಾಣೆಯಾಯಿತು. ದೊಡ್ಡಮ್ಮ ಎರಡು ದಿನ ಗುಡ್ಡ, ತೋಡು, ಚರ್ಚಿನ ಹಿತ್ತಲು ಎಲ್ಲ ಹುಡುಕಿದಳು. ಮೂರನೆಯ ದಿನ ಒಬ್ಬ ಮೀನುಗಾರ ಹೇಳಿದ, ಪುನುವಾನ ದೋಣಿಯಲ್ಲಿ ಗೋಣಿ ಹೊದ್ದುಕೊಂಡ ಏನೋ ಒಂದು ಗುರುಗುಟ್ಟುತ್ತಾ ಹೋಗುತ್ತಿತ್ತು ಅಂತ. ಪುನುವಾ ಇಪ್ಪತ್ತೊಂದರ ಹುಡುಗ, ನಮ್ಮ ಅಜ್ಜ, ಅಂದರೆ ದೊಡ್ಡಮ್ಮನ ಅಪ್ಪ, ತವಿತಾನ ಜೊತೆ ಮೀನಿಗೆ ಹೋಗುತ್ತಿದ್ದವನು, ಊಟದಲ್ಲಿ ಗಟ್ಟಿಗ ಅಂತ ಹೆಸರಾದವನು. ದೊಡ್ಡಮ್ಮನಿಗೆ ಬೇರೆ ಸಾಕ್ಷಿ ಬೇಕಾಗಲಿಲ್ಲ.

ಅದೇ ದಿನ ಕಂಪನಿಯವರು ಅವಳನ್ನು ಮುಂದಕ್ಕೆ ಕರೆದು ನಿಲ್ಲಿಸಿದರು. ಪಪೇಟೆ ಪಟ್ಟಣದಿಂದ ಬಂದಿದ್ದ ದುಭಾಷಿ ವಿವರಿಸಿದ. "ನೋಡಮ್ಮ, ಆ ಹಡಗಲ್ಲಿ ನಿನ್ನ ಗಂಡಸು ಹೋಗ್ತಾ ಇದಾನೆ. ದಂಗೆ ಎದ್ದವನು, ಸಿಕ್ಕಿದ್ರೆ ನೇಣು ಹಾಕ್ತಾರೆ. ಇನ್ನು ವಾಪಸ್ ಬರಲ್ಲ. ನಿಮ್ ಭಾಷೇಲೇ ಏನಾದ್ರೂ ಹೇಳ್ಕೊಂಡು ಅಳು, ಉದ್ದಕ್ಕೆ ಅಳು." ಇಷ್ಟು ಹೇಳಿ ಅವನು ನೆರಳು ಹುಡುಕಿಕೊಂಡು ಹೋದ.

ಮೊದಲ ಸಲ ದೊಡ್ಡಮ್ಮನಿಗೆ ನಗು ಬಂತು. ಎರಡನೆಯ ಸಲವೂ ನಗುವೇ. ಮೂರನೆಯ ಸಲ ಕಣ್ಣೆತ್ತಿದರೆ, ಹಡಗಿಗೂ ಅವಳಿಗೂ ನಡುವೆ ಒಂದು ದೋಣಿ, ಅದರಲ್ಲಿ ತಲೆಗೆ ಗರಿ ಸಿಕ್ಕಿಸಿಕೊಂಡ ಪುನುವಾ. ಕಂಪನಿಯವರು ಅವನ ಮುಖಕ್ಕೂ ತುಟಿಗೂ ತೆಂಗಿನೆಣ್ಣೆ ಬಳಿದಿದ್ದರು. ದೊಡ್ಡಮ್ಮನ ಕಣ್ಣಿಗೆ ಅದು ಹಂದಿಯ ಕೊಬ್ಬು.

"ಪುನುವಾ, ಎಲೋ ಹೊಟ್ಟೆಬಾಕ," ಅಂತ ಎತ್ತಿದಳು ದನಿ. "ನನ್ನ ಮದಾಮ್‌ನ ಎಲ್ಲಿ ಹಾಕ್ದೆ? ಕೈಯಾರೆ ಹಾಲು ಕುಡಿಸಿದ್ದೆ ಅವಳಿಗೆ. ಏಳು ಮರಿ ಹೆತ್ತ ತಾಯಿ ಕಣೋ ಅವಳು. ಅವಳು ನಿನ್ನ ಹೊಟ್ಟೇಲಿ ಹಗಲೂ ರಾತ್ರಿ ಹೊರಳಾಡ್ಲಿ. ನಿನ್ನ ಹಲ್ಲೆಲ್ಲ ಉದುರಿ ಗಂಜಿ ಕುಡ್ಕೊಂಡು ಬಿದ್ದಿರೋ ಹಂಗಾಗ್ಲಿ. ದಡಕ್ಕೆ ಬರ್ಲೇಬೇಕಲ್ಲ ನೀನು. ಬಾ, ಬಾ, ಕಾಯ್ತಾ ಇದೀನಿ ಬಾ."

ಬಾ ಬಾ ಅನ್ನುವಾಗ ಎರಡೂ ಕೈ ಚಾಚಿದ್ದಳು. ಕೆನ್ನೆಯ ಮೇಲೆ ನಿಜವಾದ ಕಣ್ಣೀರು. ದೋಣಿಯಲ್ಲಿದ್ದ ಪುನುವಾ ಧಡಕ್ಕನೆ ಎದ್ದು ನಿಂತು ಏನೋ ಕೂಗಿದ. ದಡದಲ್ಲಿ ಬಾರಿಸುತ್ತಿದ್ದ ಡೋಲಿನ ಸದ್ದಿನಲ್ಲಿ ಒಂದಕ್ಷರವೂ ದಡಕ್ಕೆ ಕೇಳಲಿಲ್ಲ. ಕೂಗಿದವನೇ ಬಾಯಿ ಮುಚ್ಚಿಕೊಂಡು ಕುಸಿದು, ತಲೆ ತಗ್ಗಿಸಿ ಕೂತ. ನಿರ್ದೇಶಕ ಓಡಿ ಬಂದು ದೊಡ್ಡಮ್ಮನ ಎರಡೂ ಕೆನ್ನೆಗೆ ಮುತ್ತಿಟ್ಟ. ತಲೆ ತಗ್ಗಿಸಿದ್ದಕ್ಕೆ ಪುನುವಾನಿಗೂ ಶಹಬ್ಬಾಸ್ ಸಿಕ್ಕಿತು.

ಎರಡು ವರ್ಷದ ಮೇಲೆ ಸಿನಿಮಾ ಪಪೇಟೆಗೆ ಬಂತು. ವೈತಾರಾದವರು ಮೂರು ಲಾರಿ ತುಂಬ ಹೋದರು. ದೊಡ್ಡಮ್ಮನ ಜಾಗ ಬಂದಾಗ ಮುಂದಿನ ಸಾಲಿನ ಫ್ರೆಂಚ್ ಹೆಂಗಸರು ಕರವಸ್ತ್ರ ತೆಗೆದರು. ಹಿಂದಿನ ಆರು ಸಾಲಿನಲ್ಲಿ ನಗು ಸಿಡಿಯಿತು. ತೆರೆಯ ಮೇಲೆ ಆ ಮಾತಿಗೆ ಅರ್ಥ ಬರೆದಿರಲಿಲ್ಲವಲ್ಲ, ಈ ಕಾಡುಜನಕ್ಕೆ ಹೃದಯವೇ ಇಲ್ಲವೇ ಅಂತ ಆ ಹೆಂಗಸರು ತಿರುತಿರುಗಿ ನೋಡಿದರು.

ಅವತ್ತಿನಿಂದ ಪುನುವಾನ ಹೆಸರು ಮದಾಮ್ ನುಂಗಿದ ಪುನುವಾ ಅಂತಲೇ ಆಯಿತು. ಅವನು ಹೌದು ಅನ್ನಲಿಲ್ಲ, ಅಲ್ಲ ಅನ್ನಲಿಲ್ಲ. ಮದುವೆಯಾದ, ಮಕ್ಕಳಾದವು, ಕೂದಲು ನರೆತ ಮೇಲೆ ಚರ್ಚಿನ ಹಿರಿಯನೂ ಆದ. ಭಾನುವಾರದ ಊಟಕ್ಕೆ ಮುಂಚೆ ಅವನು ಪ್ರಾರ್ಥನೆ ಹೇಳುವಾಗ ಬಟ್ಟಲಲ್ಲಿ ಹಂದಿ ಮಾಂಸವಿದ್ದರೆ ಯಾರಾದರೊಬ್ಬರು ಕೆಮ್ಮುತ್ತಿದ್ದರು. ದೊಡ್ಡಮ್ಮ ಲಾರಿ ಓಡಿಸುವವನನ್ನು ಮದುವೆಯಾಗಿ, ಐದು ಹೆತ್ತು, ಗಂಡನನ್ನು ಮಣ್ಣು ಮಾಡಿ, ಟೋಪಿ ಹೆಣೆಯುತ್ತಲೇ ಮುದುಕಿಯಾದಳು. ಪುನುವಾನ ಮನೆಗೂ ಅವಳ ಮನೆಗೂ ನಡುವೆ ನಾಲ್ಕು ದೀವಿಹಲಸಿನ ಮರ. ನಲವತ್ತೈದು ವರ್ಷ ಅವಳು ಅವನ ಜೊತೆ ಒಂದು ಮಾತೂ ಆಡಲಿಲ್ಲ.

ಎರಡು ಸಾವಿರದ ಆರರಲ್ಲಿ ಒಂದು ಬೆಳಿಗ್ಗೆ ಪಪೇಟೆಯಿಂದ ಕಾರು ಬಂತು. ಇಳಿದವಳು ಸೊಲಾಂಜ್ ಅಂತ, ಇಪ್ಪತ್ತು ವರ್ಷದಿಂದ ಇಲ್ಲಿರುವ ಫ್ರೆಂಚ್ ಹೆಂಗಸು, ಸಿನಿಮಾಗಳಿಗೆ ಅಡಿಬರಹ ಬರೆಯುವವಳು. ಕಂಪನಿಯವರು ಹಳೆಯ ಸಿನಿಮಾವನ್ನು ಮನೆಯಲ್ಲಿ ನೋಡುವ ಡಿವಿಡಿ ಮಾಡುತ್ತಿದ್ದಾರೆ, ರೀಲನ್ನೆಲ್ಲ ಒರೆಸಿ ಹೊಸದು ಮಾಡಿದ್ದಾರೆ, ಈ ಸಲ ತಹೀತಿಯವರ ಮಾತಿಗೂ ಅರ್ಥ ಕೊಡಬೇಕಂತೆ. ಪಪೇಟೆಯ ಇಬ್ಬರು ಮೇಷ್ಟರಿಗೆ ಕೇಳಿಸಿದ್ದಳು. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡು, "ದುಃಖದ ಮಾತು, ಸ್ಪಷ್ಟವಿಲ್ಲ" ಅಂತ ಬರೆದುಕೊಟ್ಟಿದ್ದರು.

ಸುದ್ದಿ ಕೇಳಿ ನಾನು ನನ್ನ ಅಂಗಡಿಗೆ ಬಾಗಿಲು ಹಾಕಿ ದೊಡ್ಡಮ್ಮನ ಮನೆಗೆ ಓಡಿ ಬಂದೆ. ಸೊಲಾಂಜ್ ಜಗಲಿಯ ಮೇಲೆ ಕಂಪ್ಯೂಟರ್ ತೆರೆದು ಕೂತಿದ್ದಳು. "ಅಮ್ಮ, ಇಲ್ಲಿ ಮದಾಮ್ ಅಂತ ಕೇಳುತ್ತೆ. ಯಾರದು? ಕ್ಯಾಪ್ಟನ್ ಹೆಂಡತೀನಾ?"

"ಅಲ್ಲ. ನನ್ನ ಹಂದಿ," ಅಂದಳು ದೊಡ್ಡಮ್ಮ.

ದೊಡ್ಡಮ್ಮ ಕಾಲು ಚಾಚಿಕೊಂಡು, ಹೊಟ್ಟೆಬಾಕನಿಂದ ಗಂಜಿಯ ತನಕ ಒಂದೊಂದು ಶಾಪವನ್ನೂ ಬಿಡದೆ ಬರೆಸಿದಳು. "ಹೊರಳಾಡ್ಲಿ ಅನ್ನೋದನ್ನ ಫ್ರೆಂಚಲ್ಲಿ ಸರಿಯಾಗಿ ಹಾಕು, ಮೆತ್ತಗೆ ಮಾಡ್ಬೇಡ," ಅಂತ ತಾಕೀತು ಬೇರೆ.

ಬರೆದು ಮುಗಿಸಿ ಸೊಲಾಂಜ್ ಕೇಳಿದಳು. "ಇನ್ನೊಂದಿದೆ. ಡೋಲಿನ ಸದ್ದನ್ನ ಬೇರೆ ಮಾಡಿ ತೆಗೆದಾಗ ಕೆಳಗೆ ಒಂದು ಗಂಡಸಿನ ದನಿ ಸಿಕ್ತು. ದೋಣಿಯಲ್ಲಿರೋನದು. ಅವನೇನು ಹೇಳ್ತಾನೆ?"

ದೊಡ್ಡಮ್ಮ ಹೆಡ್‌ಫೋನನ್ನು ಟೋಪಿಯ ಮೇಲೆಯೇ ಹಾಕಿಕೊಂಡಳು. ಕೇಳಿದಳು. ಟೋಪಿ ತೆಗೆದಿಟ್ಟು ಇನ್ನೊಂದು ಸಲ ಕೇಳಿದಳು. ಮೂರನೆಯ ಸಲ ಕೇಳಿ ನನ್ನ ಕಿವಿಗಿಟ್ಟಳು. ಇಪ್ಪತ್ತೊಂದರ ಪುನುವಾ ಗಂಟಲು ಹರಿಯುವಂತೆ ಕೂಗುತ್ತಿದ್ದ.

"ನಾನು ತಿಂದಿಲ್ಲ ಮಾರಾಯ್ತಿ. ನಿಮ್ಮಪ್ಪ ತೆಪುರಾಗೆ ಕೊಟ್ಟಿದ್ದು. ನಾನು ಬರೀ ಹುಟ್ಟು ಹಾಕ್ದೆ ಕಣೇ."

ತೆಪುರಾ ಪಕ್ಕದ ಕಣಿವೆಯವಳು. ಆ ಕಾಲಕ್ಕೆ ನಲವತ್ತು ದಾಟಿದ ವಿಧವೆ, ಒಳ್ಳೆ ಹಾಡುಗಾರ್ತಿ. ಅಜ್ಜ ವಾರಕ್ಕೆರಡು ಸಲ ಆ ಕಣಿವೆಗೆ ಗಿಟಾರಿನ ತಂತಿ ಸರಿಮಾಡಿಕೊಡಲು ಹೋಗುತ್ತಿದ್ದ ಅಂತ ಮನೆಯಲ್ಲಿ ಎಲ್ಲರೂ ನಂಬಿದ್ದೆವು. ಇಷ್ಟೊಂದು ತಂತಿ ಕೆಡುವ ಗಿಟಾರು ಯಾವುದು ಅಂತ ನಾವ್ಯಾರೂ ಕೇಳಿರಲಿಲ್ಲ.

ದೊಡ್ಡಮ್ಮ ಎದ್ದಳು. ಚಪ್ಪಲಿಯನ್ನೂ ಮೆಟ್ಟದೆ ನಾಲ್ಕು ದೀವಿಹಲಸಿನ ಮರ ದಾಟಿ ಪುನುವಾನ ಅಂಗಳಕ್ಕೆ ನಡೆದಳು. ಅವಳ ಹಿಂದೆ ನಾನು. ಪುನುವಾ ಬಲೆಗೆ ಗಂಟು ಹಾಕುತ್ತಿದ್ದವನು ಗಾಬರಿಯಾಗಿ ನಿಂತ.

"ಯಾಕೋ ಹೇಳ್ಲಿಲ್ಲ?" ಅಂದಳು.

ಸಿನಿಮಾದವಳು ಬಂದ ಸುದ್ದಿ ಆಗಲೇ ಊರು ಸುತ್ತಿತ್ತು; ಅವನು ರಸ್ತೆಯಲ್ಲಿದ್ದ ಕಾರನ್ನು ನೋಡಿದ, ಅರ್ಥವಾಯಿತು. "ಅದು ಕೇಳುತ್ತಾ ಈಗ?"

"ಪಕ್ಕದಲ್ಲಿ ನಿಂತು ಕೂಗಿದ ಹಂಗೆ ಕೇಳುತ್ತೆ."

"ಹಾಳಾದೋರು, ಯಾಕಾದ್ರೂ ಒರೆಸಿದ್ರೋ," ಅಂದ ಚರ್ಚಿನ ಹಿರಿಯ. ಆಮೇಲೆ ಮೆಲ್ಲಗೆ ಹೇಳಿದ. "ನಿಮ್ಮಪ್ಪ ಬೈಬಲ್ ಮುಟ್ಟಿಸಿ ಮಾತು ತಗೊಂಡಿದ್ದ. ದೋಣೀಲಿ ಸಿಟ್ಟು ಬಂದು ಬಾಯ್ತಪ್ಪಿ ಬಂತು. ಕೂಗಿದ್ಮೇಲೆ ನೋಡ್ತೀನಿ, ನಿಮ್ಮಮ್ಮ ನಿನ್ನ ಬೆನ್ನ ಹಿಂದೇನೇ ನಿಂತಿದಾಳೆ, ಹೂವು ಹಿಡ್ಕೊಂಡು. ಕೂತ್ಬಿಟ್ಟೆ. ಆ ತಾಯಿ ನಂಗೆ ಎಷ್ಟು ಸಲ ಊಟ ಹಾಕಿದ್ಲು."

"ಅಮ್ಮ ಹೋಗಿ ಇಪ್ಪತ್ತು ವರ್ಷ ಆಯ್ತಲ್ಲೋ. ಆಮೇಲಾದ್ರೂ ಹೇಳಬಹುದಿತ್ತು."

"ಹೇಳೋಕೆ ನೀನು ಮಾತಾಡಿಸಿದ್ರೆ ತಾನೆ."

ದೊಡ್ಡಮ್ಮ ಬಲೆಯ ಇನ್ನೊಂದು ತುದಿ ಹಿಡಿದುಕೊಂಡು ಕೂತು ಒಂದೆರಡು ಗಂಟು ಹಾಕಿದಳು. ಆಮೇಲೆ, "ಇಷ್ಟು ವರ್ಷ ಜನ ಆಡ್ಕೊಂಡ್ರಲ್ಲೋ ನಿನ್ನ," ಅಂದಳು.

"ಆಡ್ಕೊಳ್ಳೋ ನೆಪದಲ್ಲಿ ಪ್ರತಿ ಭಾನುವಾರ ದೊಡ್ಡ ತುಂಡು ನಂಗೇ ಬಡಿಸ್ತಾರೆ. ನಷ್ಟ ಏನಿಲ್ಲ," ಅಂದ ಪುನುವಾ. "ನೋಡು ಫೈಮಾನೊ, ಆ ಹೆಂಗಸಿಗೆ ಏನಾದ್ರೂ ದೇವರ ಮಾತು ಬರೆಸಿ ಕಳಿಸ್ಬಿಡು. ಗಾಳಿ ನಿನ್ನ ಕಾಯಲಿ, ನಕ್ಷತ್ರ ದಾರಿ ತೋರಿಸ್ಲಿ, ಅಂಥಾದ್ದು. ಹೊರಗಿನವರಿಗೆ ಅದೇ ಇಷ್ಟ."

ವಾಪಸ್ಸು ಬರುವಾಗ ನಾನೂ ಅದನ್ನೇ ಹೇಳಿದೆ. "ದೊಡ್ಡಮ್ಮ, ಅಜ್ಜನ ಮರ್ಯಾದೆ ಪ್ರಪಂಚಕ್ಕೆಲ್ಲ ಯಾಕೆ ಹಂಚ್ತೀಯ?"

"ನಿಮ್ಮಜ್ಜ ಸತ್ತು ಮೂವತ್ತು ವರ್ಷ ಆಯ್ತು, ಅವನಿಗೇನೇ ನಾಚಿಕೆ? ಬದುಕಿದ್ದಾಗ್ಲೂ ಇರ್ಲಿಲ್ಲ. ಈ ಬಡಪಾಯಿ ಇನ್ನೂ ಬದುಕಿದಾನೆ."

ಸೊಲಾಂಜ್ ಅಷ್ಟರಲ್ಲಿ ನಾನಿಟ್ಟಿದ್ದ ಕೆಸುವಿನಗಡ್ಡೆ, ನಿಂಬೆ ಹಿಂಡಿದ ಮೀನು ತಿಂದು ಮುಗಿಸಿದ್ದಳು. ದೊಡ್ಡಮ್ಮ ಪುನುವಾನ ಮೂರು ವಾಕ್ಯವನ್ನೂ ಇದ್ದದ್ದು ಇದ್ದಂತೆ ಬರೆಸಿದಳು. "ಹೆಸರು ಬಿಡಬೇಡ. ತೆಪುರಾ. ತೆ, ಪು, ರಾ." ಸೊಲಾಂಜ್ ನಗು ತಡೆದುಕೊಳ್ಳುತ್ತಾ, ಕಂಪನಿಯವರು ಒಪ್ಪುವುದು ಅನುಮಾನ ಅಂದಳು. ಯಾರು ಓದಿದರೋ ಬಿಟ್ಟರೋ, ಏಳು ತಿಂಗಳ ಮೇಲೆ ಡಿವಿಡಿ ಬಂದಾಗ ಒಂದು ಪದವೂ ಬದಲಾಗಿರಲಿಲ್ಲ.

ಭಾನುವಾರ ಮಧ್ಯಾಹ್ನ ಚರ್ಚಿನ ಸಭಾಮಂದಿರದಲ್ಲಿ, ಕಿಟಕಿಗೆಲ್ಲ ಚಾಪೆ ಕಟ್ಟಿ, ಬಿಳಿ ಮೇಜುಬಟ್ಟೆಯ ಮೇಲೆ ಸಿನಿಮಾ ಬಿಟ್ಟರು. ಸುತ್ತಲಿನ ಕಣಿವೆಯವರೂ ಬಂದಿದ್ದರು. ಎಂಬತ್ತೆಂಟರ ತೆಪುರಾಳನ್ನು ಮೊಮ್ಮಕ್ಕಳು ಕುರ್ಚಿಯ ಸಮೇತ ಎತ್ತಿಕೊಂಡು ಬಂದು ಮುಂದಿನ ಸಾಲಿನಲ್ಲಿ ಇಟ್ಟರು. ಅವಳಿಗೆ ಕಿವಿ ಮಂದ, ಕಣ್ಣು ಮಾತ್ರ ಸೂಜಿಯಂತೆ.

ಕ್ಯಾಪ್ಟನ್ ಚಾಟಿ ಬೀಸಿದ, ನಾವಿಕರು ದಂಗೆ ಎದ್ದರು, ಚಿಕ್ಕ ದೋಣಿ ನಡುಗಡಲಿಗೆ ಹೋಯಿತು. ಇದೆಲ್ಲ ಯಾರಿಗೂ ಬೇಕಿರಲಿಲ್ಲ. ದೊಡ್ಡಮ್ಮ ತೆರೆಯ ಮೇಲೆ ಬಂದಳು, ಹತ್ತೊಂಬತ್ತರವಳು, ಉರಿಯುವ ಕಣ್ಣಿನವಳು. ಅವಳ ಪ್ರತಿ ಶಾಪಕ್ಕೂ ಮಂದಿರ ನಕ್ಕಿತು. ಆಮೇಲೆ ಪುನುವಾ ಎದ್ದು ನಿಂತ, ದನಿ ಸ್ವಚ್ಛವಾಗಿ ಬಂತು, ಕೆಳಗೆ ಫ್ರೆಂಚ್ ಅಕ್ಷರವೂ ಬಂತು. ನಗು ಹಠಾತ್ತನೆ ನಿಂತುಹೋಯಿತು. ಎಲ್ಲ ತಲೆಗಳೂ ಮೊದಲು ಪುನುವಾನ ಕಡೆಗೆ ತಿರುಗಿದವು. ಆಮೇಲೆ ಒಂದೊಂದಾಗಿ ಮುಂದಿನ ಸಾಲಿನ ಕುರ್ಚಿಯ ಕಡೆಗೆ.

ತೆಪುರಾ ಅಕ್ಷರವನ್ನು ನಿಧಾನಕ್ಕೆ ಓದಿಕೊಂಡಳು. ಬೀಸಣಿಗೆ ಮಡಿಲಿಗೆ ಇಳಿಸಿದಳು.

"ಹೇಳ್ಕೊಳ್ಳೋ ಅಂಥಾ ಹಂದಿ ಏನಲ್ಲ ಬಿಡ್ರಿ," ಅಂದಳು ಕಿವುಡರ ಗಟ್ಟಿ ದನಿಯಲ್ಲಿ. "ಚಿಕ್ಕದು. ಮಾಂಸಾನೂ ನಾರು."

"ಏಳು ಹೆತ್ತಿತ್ತು ಕಣಜ್ಜಿ," ಅಂತ ದೊಡ್ಡಮ್ಮ ಹಿಂದಿನಿಂದ ಕೂಗಿದಳು. "ನಾರಾಗದೆ ಇನ್ನೇನಾಗುತ್ತೆ?"

ಮೊದಲು ನಕ್ಕವನು ಪುನುವಾ. ಎರಡೂ ಕೈಯಲ್ಲಿ ಮೊಣಕಾಲು ಬಡಿದುಕೊಂಡು, ಕಣ್ಣಲ್ಲಿ ನೀರು ಬರುವ ತನಕ ನಕ್ಕ. ಪ್ರಾರ್ಥನೆ ಹೇಳುವ ಆ ಮುಖಕ್ಕೆ ಅಂಥ ನಗು ಬರುತ್ತದೆ ಅಂತ ಅವನ ಮಕ್ಕಳಿಗೂ ಗೊತ್ತಿರಲಿಲ್ಲವಂತೆ. ಸಿನಿಮಾ ಹಾಕುತ್ತಿದ್ದವನನ್ನು ಬಿಡಲಿಲ್ಲ, ಆ ಒಂದೂಕಾಲು ನಿಮಿಷವನ್ನೇ ಒಂಬತ್ತು ಸಲ ಹಾಕಿಸಿದರು. ದಂಗೆಕೋರರು ಕೊನೆಗೆ ಏನಾದರು ಅಂತ ಆ ದಿನ ಯಾರೂ ನೋಡಲಿಲ್ಲ.

ಮುಂದಿನ ಗುರುವಾರದಿಂದ ತೆಪುರಾ ನಮ್ಮೂರಿನಲ್ಲಿ ನಡೆಯುವ, ಕೂಗಿದ ಸಂಖ್ಯೆಗೆ ಚೀಟಿಯಲ್ಲಿ ಗುರುತು ಹಾಕುವ ಬಿಂಗೊ ಆಟಕ್ಕೆ ಬರತೊಡಗಿದಳು. ದೊಡ್ಡಮ್ಮ ಅವಳ ಪಕ್ಕದಲ್ಲೇ ಕೂತು, ಕಿವಿಯ ಹತ್ತಿರ ಸಂಖ್ಯೆಗಳನ್ನು ಕೂಗುತ್ತಿದ್ದಳು, ಬೇಕೆಂದೇ ಆಗೀಗ ಒಂದೊಂದು ತಪ್ಪು ಹೇಳುತ್ತಿದ್ದಳು. ತೆಪುರಾಗೆ ಅದು ಗೊತ್ತಾಗುತ್ತಿತ್ತು. ದೊಡ್ಡಮ್ಮ ತನ್ನ ಚೀಟಿಯಲ್ಲಿ ನಿಜವಾಗಿ ಗುರುತು ಹಾಕಿದ ಸಂಖ್ಯೆಯನ್ನು ಓರೆಗಣ್ಣಲ್ಲಿ ನೋಡಿ ತನ್ನದನ್ನು ತಿದ್ದಿಕೊಳ್ಳುತ್ತಿದ್ದಳು.