ಕೆರೆ ಏರಿಯ ಮೇಲೆ ಮೂವತ್ತು ಸೆಕೆಂಡು

ಚಿಕ್ಕೇರೂರಿನ ಯಶೋಧರಾ ಜಂಪರ ಹೊಲಿಯುವುದರಲ್ಲಿ ಎತ್ತಿದ ಕೈ. ನಲವತ್ತೆರಡರ ವಯಸ್ಸು, ಕಡಿಮೆ ಮಾತು, ತಪ್ಪು ಅಳತೆಯನ್ನೂ ತಪ್ಪು ಮಾತನ್ನೂ ಸಹಿಸದ ಸ್ವಭಾವ. ಅಂಥವಳಿಗೆ ಆಕಾಶದ ಹುಚ್ಚು ಹಿಡಿಸಿದವಳು ಅಣ್ಣನ ಮಗಳು ಮಧುಶ್ರೀ. ಹಿರೇಕೆರೂರಿನಲ್ಲಿ ಬಿ.ಎಸ್ಸಿ ಓದುವ ಹುಡುಗಿ, ಒಂದು ದಿನ ಅತ್ತೆಯ ಮೊಬೈಲಿನ ಕ್ಯಾಮರಾದಲ್ಲಿ ಏನೇನೋ ಒತ್ತಿ, "ಇದರ ಕಣ್ಣು ಮೂವತ್ತು ಸೆಕೆಂಡು ತೆರದಿರ್ತೈತ್ರಿ ಅತ್ತಿ. ಅಲಗಾಡಬಾರದು, ಅಷ್ಟ," ಎಂದು ತೋರಿಸಿಕೊಟ್ಟಳು. ಸ್ಟ್ಯಾಂಡ್ ಇರಲಿಲ್ಲ. ಯಶೋಧರಾ ಬಟ್ಟೆಯ ಚೂರು ತುಂಬಿ ಗಟ್ಟಿ ದಿಂಬೊಂದನ್ನು ಹೊಲಿದಳು. ಅದರಲ್ಲಿ ಓರೆಯಾಗಿ ಊರಿದರೆ ಮೊಬೈಲು ಮಿಸುಕುತ್ತಿರಲಿಲ್ಲ.

ಊರೊಳಗೆ ಹೈಮಾಸ್ಟ್ ದೀಪದ ಬೆಳಕಿಗೆ ಆಕಾಶದ ಚಿಕ್ಕಿಗಳು ಕಾಣುತ್ತಿರಲಿಲ್ಲ. ಹಾಗಾಗಿ ಅಮಾವಾಸ್ಯೆಯ ಆಸುಪಾಸು ಬೆಳಗಿನ ಜಾವ ನಾಲ್ಕಕ್ಕೆ ಅವಳು ಕೆರೆ ಏರಿಗೆ ಹೋಗತೊಡಗಿದಳು. ಮಾರ್ಚಿನ ಒಂದು ಬೆಳಗು ಆಗ್ನೇಯಕ್ಕೆ ಹಾಲುಹಾದಿ ಎದ್ದಿತ್ತು. ಕಣ್ಣಿಗೆ ಬರೀ ಬಿಳಿ ಮಬ್ಬು. ಮೊಬೈಲಿನಲ್ಲಿ ಸಾವಿರ ಚಿಕ್ಕಿ. ಹನ್ನೊಂದು ಫೋಟೊ ತೆಗೆದಳು. ಬತ್ತಿದ ಕೆರೆಯೊಳಗೆ ಎಲ್ಲೋ ಟ್ರ್ಯಾಕ್ಟರ್ ಗುರುಗುಟ್ಟುತ್ತಿತ್ತು. ಅತ್ತ ಗಮನ ಕೊಡಲಿಲ್ಲ.

ಅದೇ ದಿನ ಹತ್ತು ಗಂಟೆಗೆ ಅವಳು ಹೊಲಿಯುತ್ತ ಕೂತಿದ್ದ ಅಂಗಳಕ್ಕೆ ಕುಬೇರಪ್ಪ ಬಂದ. ಕೆರೆ ಕೆಳಗಿನ ಅರ್ಧ ಹೊಲ ಅವನದು, ಇಟ್ಟಂಗಿ ಭಟ್ಟಿಯೂ ಅವನದು. ಜೊತೆಗೆ ಅವನ ಟ್ರ್ಯಾಕ್ಟರ್ ಡ್ರೈವರ್ ಮಾಲತೇಶ.

"ಏರಿ ಮ್ಯಾಲೆ ಏನ್ ಮಾಡಾಕತ್ತಿದ್ದಿ?" ಎಂದ ಕುಬೇರಪ್ಪ.

"ಚಿಕ್ಕಿ ಫೋಟೊ ತಗ್ಯಾಕತ್ತಿದ್ನಿ."

"ಮಷಿನ್ ತುಳ್ಯಾಕಿಗೆ ಚಿಕ್ಕಿ ಯಾಕ ಬೇಕು? ಯಾರು ಕಳಿಸ್ಯಾರ ನಿನ್ನ?"

ಮೇಜಿನ ಮೇಲೆ ಹಾಡು ಹೇಳುತ್ತಿದ್ದ ಮೊಬೈಲನ್ನು ಮಾಲತೇಶ ಕಸಿದುಕೊಂಡ. ಅವಳ ಕಣ್ಣೆದುರೇ ಹನ್ನೊಂದನ್ನೂ ಅಳಿಸಿದ. ಕುಬೇರಪ್ಪ ಮೊಬೈಲನ್ನು ಬಟ್ಟೆಯ ರಾಶಿಗೆ ಎಸೆದು, "ಇನ್ನೊಮ್ಮಿ ಏರಿ ಹತ್ತಿದ್ರ ಕಾಲ್ ಮುರಿತೇನಿ," ಎಂದ. ಓಣಿಯ ಹೆಂಗಸರು ನಿಂತು ನೋಡಿದರು.

ಯಶೋಧರಾಗೆ ಅಂಜಿಕೆಯಾಗಲಿಲ್ಲ, ಮೈಯೆಲ್ಲ ಉರಿಯಿತು. ಸಂಜೆ ಬಂದ ಮಧುಶ್ರೀ, "ಅಳಿಸಿದ್ದು ಮೂವತ್ತು ದಿನ ಮೊಬೈಲಿನ ಕಸದ ಬುಟ್ಟ್ಯಾಗ ಇರ್ತಾವ್ರಿ," ಎಂದು ಎಲ್ಲವನ್ನೂ ಮರಳಿ ತೆಗೆದಳು. ಇಬ್ಬರೂ ಮೊದಲ ಬಾರಿಗೆ ಫೋಟೊದ ಕೆಳತುದಿಯನ್ನು ಹಿಗ್ಗಿಸಿ ನೋಡಿದರು. ಕೆರೆಯಂಗಳದಲ್ಲಿ ಆಳವಾದ ಗುಂಡಿ, ಅದರ ಬಾಯಲ್ಲಿ ಟ್ರ್ಯಾಕ್ಟರ್. ಇನ್ನೊಂದರಲ್ಲಿ ಹಿಂದಿನ ದೀಪಗಳ ಎರಡು ಕೆಂಪು ಗೆರೆ, ಗುಂಡಿಯಿಂದ ಭಟ್ಟಿಯ ದಿಕ್ಕಿಗೆ.

"ಕುಂಬಳಕಾಯಿ ಕಳ್ಳ ಅಂದ್ರ ಹೆಗಲ ಮುಟ್ಟಿ ನೋಡ್ಕೊಂಡ," ಎಂದಳು ಯಶೋಧರಾ. "ಸುಮ್ಮನಿದ್ದಿದ್ರ ನನಗ ಗೊತ್ತ ಆಗ್ತಿದ್ದಿಲ್ಲ."

ಮರುದಿನವೇ ಹಿರೇಕೆರೂರಿನ ಬಸ್ಸು ಹತ್ತಿ, ನಾಲ್ಕು ಫೋಟೊ ಪ್ರಿಂಟ್ ಹಾಕಿಸಿ, ಕೆರೆ ಮಣ್ಣಿನ ಕಳವಿನ ಬಗ್ಗೆ ಅರ್ಜಿ ಬರೆದು ತಾಲ್ಲೂಕಾಫೀಸಿನಲ್ಲಿ ಕೊಟ್ಟಳು. ಸ್ವೀಕೃತಿಯ ಸಿಕ್ಕಾ ಬೀಳುವವರೆಗೂ ಕದಲಲಿಲ್ಲ. ನಾಲ್ಕನೆಯ ದಿನ ಜೀಪು ಬಂತು. ಟ್ರ್ಯಾಕ್ಟರ್ ಜಪ್ತಾಯಿತು, ಮಣ್ಣು ಸಾಗಿಸುವುದು ನಿಂತಿತು.

ಊರು ಮುಖ ತಿರುವಿತು. ಜಂಪರದ ಬಟ್ಟೆ ಬರುವುದು ನಿಂತಿತು. ಹಿಟ್ಟಿನ ಗಿರಣಿಗೆ ಅವಳು ಕಾಲಿಟ್ಟರೆ ಮಾತು ಬಂದ್ ಆಗುತ್ತಿತ್ತು. ಯಶೋಧರಾ ಹಿರೇಕೆರೂರಿನ ಅಂಗಡಿಯೊಂದಕ್ಕೆ ಶಾಲೆಯ ಸಮವಸ್ತ್ರ ಹೊಲಿಯಲು ಹಿಡಿದಳು. ಅಮಾವಾಸ್ಯೆ ಬಂದಾಗ ಏರಿಯನ್ನೂ ಹತ್ತಿದಳು. ಕಾಲು ಮುರಿಯಲು ಯಾರೂ ಬರಲಿಲ್ಲ.

ಮೇ ತಿಂಗಳಲ್ಲಿ ಕುಬೇರಪ್ಪನ ಹೆಂಡತಿ ಶಿವಬಸವ್ವ ಬಂದಳು. ಒಳಗೆ ಬರಲಿಲ್ಲ, ಅಂಗಳದಲ್ಲೇ ನಿಂತಳು.

"ಶಿವರಾತ್ರಿಗೆ ಜಂಪರದ ಬಟ್ಟಿ ಕೊಟ್ಟಿದ್ನೆಲ್ಲ, ಹೊಲದಿಯೇನು? ನಮ್ಮ ಅಣ್ಣನ ಮಗಳ ಲಗ್ನ ಐತಿ. ನಿನ್ನಂಗ ತೋಳು ಕೂಡ್ಸೋರು ಯಾರೂ ಇಲ್ಲ."

ಯಶೋಧರಾ ಮಡಿಕೆ ಬಿಚ್ಚದ ಬಟ್ಟೆಯನ್ನು ತಂದು ಅವಳ ಕೈಗಿಟ್ಟಳು. "ನಿಮ್ಮ ಯಜಮಾನರ್ನ ಕಳಸ್ರಿ. ಇದ ಅಂಗಳದಾಗ ನಿಂತು ತಪ್ಪಾತು ಅನ್ಲಿ. ಅವತ್ತ ಕತ್ತರಿ ಹಾಕ್ತೇನಿ."

"ಸೊಕ್ಕು ಬಂದೈತಿ ನಿನಗ."

"ಹೌದ್ರಿ, ಬಂದೈತಿ."

ಕುಬೇರಪ್ಪ ಬರಲಿಲ್ಲ. ಶಿವಬಸವ್ವ ಹಳೆಯ ಜಂಪರ ತೊಟ್ಟೇ ಲಗ್ನಕ್ಕೆ ಹೋದಳೆಂದು ಗಿರಣಿಯಲ್ಲಿ ಯಾರೋ ಈಗ ಅವಳೆದುರೇ ಆಡಿಕೊಂಡರು. ಯಶೋಧರಾ ನಗಲಿಲ್ಲ, ಹಿಟ್ಟಿನ ಡಬ್ಬಿ ಎತ್ತಿಕೊಂಡು ಮನೆಗೆ ನಡೆದಳು.