ಕತ್ತೆ ಸಿನಿಮಾಕ್ಕೆ ಅತ್ತವರು

ಗೊಬ್ನಿಟ್ ಇಪ್ಪತ್ತೆರಡು ವರ್ಷ ಕಾರಿಗ್‌ವಾನ್ ಊರಿನ ಶಾಲೆಯ ಬಸ್ಸು ಓಡಿಸಿದಳು. ಅದಕ್ಕೂ ಮೊದಲು ಒಂಬತ್ತು ವರ್ಷ ಬರ್ಮಿಂಗ್‌ಹ್ಯಾಮಿನಲ್ಲಿ ಎರಡಂತಸ್ತಿನ ಬಸ್ಸು ಓಡಿಸಿ, ಶನಿವಾರದ ಕುಡುಕರನ್ನು ಕೊರಳಪಟ್ಟಿ ಹಿಡಿದು ಇಳಿಸಿ ಪಳಗಿದ್ದವಳಿಗೆ ಕೆರಿ ಸೀಮೆಯ ಕಡಲಂಚಿನ ದಾರಿಯಲ್ಲಿ ಮಕ್ಕಳನ್ನು ಕರೆದೊಯ್ಯುವುದು ಲೆಕ್ಕಕ್ಕೇ ಇರಲಿಲ್ಲ. ಯಾರ ಮನೆಯಲ್ಲಿ ಮಗು ತಿಂಡಿ ತಿನ್ನದೆ ಬಂದಿದೆ, ಯಾರ ಬೂಟು ಅಣ್ಣನಿಂದ ಇಳಿದದ್ದು ಎಂಬುದೆಲ್ಲ ಅವಳಿಗೆ ಬಸ್ಸಿನ ಕನ್ನಡಿ ನೋಡಿಯೇ ಗೊತ್ತಾಗುತ್ತಿತ್ತು.

ಕಾರಿಗ್‌ವಾನಿನಲ್ಲಿ ಜನ ಬೈಯುವುದು, ದೇವರನ್ನು ಬೇಡುವುದು, ದನ ಕೂಗಿ ಕರೆಯುವುದು ಎಲ್ಲವೂ ಐರಿಷ್ ಭಾಷೆಯಲ್ಲೇ. ಇಂಗ್ಲಿಷು ಬೇಕಾಗುತ್ತಿದ್ದದ್ದು ಸರ್ಕಾರದ ಜೊತೆಗೆ ಮಾತ್ರ. ಆ ಸರ್ಕಾರವೇ ಆರು ವರ್ಷದ ಹಿಂದೆ ಒಂದು ಕಾಗದ ಬರೆಯಿತು: ಶಾಲೆಯಲ್ಲಿ ಒಂಬತ್ತೇ ಮಕ್ಕಳಿರುವುದರಿಂದ ಅದನ್ನು ಮುಚ್ಚಲಾಗುವುದು. ಗೊಬ್ನಿಟ್ ಇಬ್ಬರು ತಾಯಂದಿರನ್ನು ಕರೆದುಕೊಂಡು ಡಬ್ಲಿನ್‌ಗೆ ಹೋದಳು. ಕಾಗದಕ್ಕೆ ಸಹಿ ಹಾಕಿದ ಅಧಿಕಾರಿಯ ಹೆಸರು ಫೆಲಿಮ್. ತೆಳ್ಳಗೆ, ಸೌಮ್ಯವಾಗಿದ್ದ. ಟೀ ತರಿಸಿದ, ಬಿಸ್ಕತ್ತಿನ ತಟ್ಟೆಯನ್ನು ಎರಡು ಸಲ ಮುಂದಕ್ಕೆ ತಳ್ಳಿದ, ಕೊನೆಗೆ ಹೇಳಿದ:

"ನಾನೇನು ಮಾಡಲಿ ಹೇಳಿ. ಅಂಕಿ ಅಂಶಗಳೇ ಮಾತಾಡುತ್ತವೆ."

"ಯಾವ ಭಾಷೇಲಿ?" ಎಂದು ಗೊಬ್ನಿಟ್ ಕೇಳಿದಳು.

ಆತ ನಕ್ಕ. ಶಾಲೆ ಮುಚ್ಚಿತು. ಮಕ್ಕಳು ಹತ್ತೊಂಬತ್ತು ಕಿಲೋಮೀಟರ್ ದೂರದ ಪೇಟೆಯ ಶಾಲೆಗೆ ಸೇರಿ, ಮೂರೇ ತಿಂಗಳಲ್ಲಿ ಇಂಗ್ಲಿಷಿನಲ್ಲಿ ಜಗಳವಾಡುವುದನ್ನು ಕಲಿತರು. ಬಸ್ಸನ್ನು ಯಾರೋ ಬಂದು ಒಯ್ದರು. ಗೊಬ್ನಿಟ್ ಮನೆಯಲ್ಲಿ ಕೂತು ಆಲೂಗಡ್ಡೆ ಬೆಳೆದಳು, ಬೆಳೆದದ್ದನ್ನು ಬೈದಳು.

ಹೀಗಿರುವಾಗ ಸಿನಿಮಾದವರು ಬಂದರು. ಎಂಟು ವರ್ಷದ ಹುಡುಗಿಯೊಬ್ಬಳ ಬಾಲ್ಯದ ಕಥೆಯಂತೆ. ಅವಳ ಅಪ್ಪ ಮನೆಯ ಕತ್ತೆಯನ್ನು ಮಾರುತ್ತಾನೆ, ಹುಡುಗಿ ಒಂದು ಬೇಸಿಗೆಯಿಡೀ ಅದನ್ನು ನೆನೆಯುತ್ತಾಳೆ, ಅಷ್ಟೆ. ಮಾತೆಲ್ಲ ಐರಿಷ್. ಮುಚ್ಚಿದ ಶಾಲೆಯ ಬಾಗಿಲು ತೆಗೆದು, ಒಳಗೆ ಒಲೆ ಹೊತ್ತಿಸಿ, ಚೆನ್ನಾಗಿದ್ದ ಗೋಡೆಗೆ ಪಾಚಿ ಬಳಿದು ಹಳೆಯದು ಮಾಡಿದರು. ಕತ್ತೆ ಪಕ್ಕದ ಮನೆಯ ತೈಗ್‌ನದು. ಕಥೆಯಲ್ಲಿ ಅದು ಹೆಣ್ಣು, ನಿಜದಲ್ಲಿ ಗಂಡು. ನಿರ್ದೇಶಕಿಗೆ ಅದು ಗೊತ್ತಾಗುವ ಹೊತ್ತಿಗೆ ಅರ್ಧ ಚಿತ್ರೀಕರಣ ಮುಗಿದಿತ್ತು.

ನಾಯಕಿಯಾಗಿದ್ದ ಮುಯಿರೆನ್ ಡಬ್ಲಿನ್ನಿನ ಹುಡುಗಿ. ಐರಿಷ್ ಎಂದರೆ ಶಾಲೆಯಲ್ಲಿ ಹೇಳಿಕೊಟ್ಟ "ನನ್ನ ಹೆಸರು ಮುಯಿರೆನ್, ನನಗೆ ಸೇಬು ಇಷ್ಟ" ಅಷ್ಟೇ ಗೊತ್ತು. ಅವಳಿಗೆ ಮಾತು ಕಲಿಸಲು ಗೊಬ್ನಿಟ್‌ಳನ್ನು ನೇಮಿಸಿದರು. ಎಂಟು ವಾರ ಆ ಮಗು ಅವಳ ಅಡುಗೆಮನೆಯಲ್ಲೇ ಇತ್ತು. ಚಿತ್ರಕಥೆಯಲ್ಲಿ ಹುಡುಗಿಗೆ ಮೂವತ್ತು ವಾಕ್ಯ. ಮುಯಿರೆನ್ ಅವನ್ನು ಒಂದು ವಾರದಲ್ಲಿ ಕಲಿತು, ಉಳಿದ ಏಳು ವಾರ ಬೈಗುಳ ಕಲಿತಳು.

"'ನಿನ್ ಕಾಲುಚೀಲ ಸಾಯೋತನಕ ಒದ್ದೆಯಾಗಿರ್ಲಿ' ಅಂತ ಯಾರಿಗ್ ಬೇಕಾದ್ರೂ ಅನ್ಬೋದಾ?" ಎಂದು ಕೇಳುತ್ತಿದ್ದಳು.

"ಪಾದ್ರಿಗಳಿಗೆ ಮಾತ್ರ ಬೇಡ ನನ್ ಬಂಗಾರ. ಅವ್ರಿಗೆ ಈಗಾಗ್ಲೇ ಒದ್ದೆ."

ಮರುವರ್ಷ ಸಿನಿಮಾ ಎಲ್ಲೆಲ್ಲೋ ಹೋಗಿ ಏನೇನೋ ಬಹುಮಾನ ಹೊಡೆಯಿತು. ಪತ್ರಿಕೆಗಳು 'ಮೌನದ ಮಹಾಕಾವ್ಯ' ಎಂದವು. ಸಿನಿಮಾದಲ್ಲಿ ಮಾತು ಕಡಿಮೆ ಇದ್ದದ್ದು ಮಗುವಿಗೆ ಮಾತು ಬರದಿದ್ದರಿಂದ ಎಂದು ಯಾರಿಗೂ ಹೊಳೆಯಲಿಲ್ಲ. ಮೇ ತಿಂಗಳ ಒಂದು ಭಾನುವಾರ ಮಧ್ಯಾಹ್ನ ಕಾರಿಗ್‌ವಾನಿನ ಚರ್ಚಿನ ಸಭಾಂಗಣದಲ್ಲೇ ಪ್ರದರ್ಶನ ಇಟ್ಟುಕೊಂಡರು. ಡಬ್ಲಿನ್ನಿನಿಂದ ಕಾರಿನ ಮೇಲೆ ಕಾರು ಬಂತು. ಇಷ್ಟು ಜನ ಊರಿಗೆ ಬಂದದ್ದು ಹಿಂದೊಮ್ಮೆ ತಿಮಿಂಗಿಲ ಸತ್ತು ದಡಕ್ಕೆ ಬಿದ್ದಾಗ ಎಂದು ತೈಗ್ ಹೇಳಿದ.

ಸಿನಿಮಾ ಶುರುವಾಗಿ ಹತ್ತು ನಿಮಿಷಕ್ಕೆ ಮುಂದಿನ ಸಾಲುಗಳಲ್ಲಿ ಕರವಸ್ತ್ರ ಹೊರಬಂದವು. ಊರಿನವರು ಹಿಂದಿನ ಬೆಂಚುಗಳಲ್ಲಿದ್ದರು. ಅಪ್ಪ ಮರಳ ಮೇಲೆ ಕತ್ತೆಯನ್ನು ಎಳೆದೊಯ್ಯುವ ದೃಶ್ಯ ಬಂದಾಗ ಇಡೀ ಸಭೆ ಬಿಕ್ಕುತ್ತಿತ್ತು. ಆಗ ತೈಗ್ ತಡೆಯಲಾರದೆ ಕೂಗಿದ:

"ಅದ್ ನನ್ ಕತ್ತೆ ಕಣ್ರೋ! ಬೆಳಿಗ್ಗೆ ತಾನೇ ನನ್ ಕೋಸೆಲ್ಲ ಮೇಯ್ದು ಬಂದದೆ! ಅಳ್ಬೇಕಾದೋನು ನಾನು!"

ಮುಂದಿನವರು ತಿರುಗಿ "ಶ್!" ಎಂದರು. ತಮ್ಮದೇ ಊರಿನ ಸಿನಿಮಾವನ್ನು ನೋಡಲು ಈ ಜನಕ್ಕೆ ಯೋಗ್ಯತೆ ಇಲ್ಲ ಎಂಬ ನೋಟ ಅದು. ಗೊಬ್ನಿಟ್ ಮೂರನೇ ಸಾಲಿನಲ್ಲಿ ಒಂದು ತೆಳ್ಳಗಿನ ಕತ್ತನ್ನು ಗುರುತು ಹಿಡಿದಳು. ಬಿಸ್ಕತ್ತಿನ ಫೆಲಿಮ್. ತೆರೆಯ ಮೇಲೆ ಹುಡುಗಿ ಖಾಲಿ ತರಗತಿಯಲ್ಲಿ ಒಬ್ಬಳೇ ಕೂತಿದ್ದಳು. ಫೆಲಿಮ್ ಭುಜ ಅಲುಗಿಸಿ ಅಳುತ್ತಿದ್ದ.

ಗೊಬ್ನಿಟ್‌ಳ ಕೋಟಿನ ಜೇಬಿನಲ್ಲಿ ಎರಡು ಹಾಳೆ ಇದ್ದವು. ಸಿನಿಮಾ ಆದಮೇಲೆ ವೇದಿಕೆಗೆ ಬರಬೇಕೆಂದು ಮೊದಲೇ ಹೇಳಿ ಕಳಿಸಿದ್ದರು. ಶಾಲೆಯ ಬಗ್ಗೆ ನಾಲ್ಕು ಮಾತು ಅನ್ನಬೇಕೆಂದು ಐರಿಷಿನಲ್ಲೊಂದು, ಇಂಗ್ಲಿಷಿನಲ್ಲೊಂದು ಬರೆದು, ತೈಗ್‌ನ ಹಸುಗಳ ಮುಂದೆ ಮೂರು ದಿನ ಓದಿ ಅಭ್ಯಾಸ ಮಾಡಿದ್ದಳು.

ವೇದಿಕೆಯಲ್ಲಿ ಉಣ್ಣೆ ಶಾಲು ಹೊದ್ದ ನಿರೂಪಕಿಯೊಬ್ಬಳು ಮೈಕು ಹಿಡಿದು ಇಂಗ್ಲಿಷಿನಲ್ಲಿ ಅರ್ಧ ಗಂಟೆ ಐರಿಷ್ ಭಾಷೆಯನ್ನು ಹೊಗಳಿದಳು. ಆಮೇಲೆ ಗೊಬ್ನಿಟ್ ಕಡೆ ತಿರುಗಿದಳು.

"ಇವರು ಈ ಮಣ್ಣಿನ ಮಗಳು. ಅಮ್ಮಾ, ತಾವು ತಮ್ಮ ಭಾಷೆಯಲ್ಲಿ ಏನಾದರೂ ನುಡಿಯಬೇಕು. ಏನಾದರೂ ಸರಿ."

ಗೊಬ್ನಿಟ್ ಹಾಳೆ ತೆಗೆದಳು. "ಇಂಗ್ಲಿಷಿನಲ್ಲೂ ಬರ್ಕೊಂಡ್ ಬಂದಿದೀನಿ, ಎಲ್ರಿಗೂ ಅರ್ಥ ಆಗ್ಲಿ ಅಂತ."

"ಅಯ್ಯೋ, ಅನುವಾದ ಬೇಡವೇ ಬೇಡ! ಅರ್ಥ ಯಾರಿಗೆ ಬೇಕು? ನಮಗೆ ಆ ನಾದ ಸಾಕು."

ಸಭೆ ಚಪ್ಪಾಳೆ ತಟ್ಟಿತು. ಗೊಬ್ನಿಟ್‌ಗೆ ಮುಖಕ್ಕೆ ತಣ್ಣೀರು ಎರಚಿದಂತಾಯಿತು. ಹಾಳೆಗಳನ್ನು ಮಡಿಸಿ ಮತ್ತೆ ಜೇಬಿಗೆ ಹಾಕಿದಳು. ಹಿಂದುಗಡೆ ಆಗತಾನೇ ಹೊರಗೆ ಹೋಗಿ ಬಂದ ತೈಗ್ ಎರಡೂ ಕೈಯಲ್ಲಿ ಸ್ಟೀರಿಂಗ್ ತಿರುಗಿಸುವಂತೆ ಮಾಡಿ, ಹಸುವಿನ ಕೆಚ್ಚಲು ಹಿಂಡುವಂತೆ ಮಾಡಿ, ತುಟಿಯಲ್ಲೇ 'ಬೂದಿ ಕಾರು, ದೀಪ, ಗೇಟು' ಎನ್ನುತ್ತಿದ್ದ. ಅವಳಿಗೆ ತಿಳಿಯಿತು. ಮೈಕಿನ ಹತ್ತಿರ ಬಾಗಿ, ಐರಿಷಿನಲ್ಲಿ, ನಿಧಾನವಾಗಿ ಹೇಳಿದಳು:

"ಬೂದಿ ಬಣ್ಣದ ಕಾರೊಂದು ತೈಗನ ಗೇಟಿಗೆ ಅಡ್ಡ ನಿಂತದೆ. ಅದರ ದೀಪ ಎರಡೂ ಉರೀತಾವೆ. ಒಳಗೆ ಮೂವತ್ತೊಂದು ಹಸು ಕೆಚ್ಚಲು ಬಿಗಿದು ಕೂಗ್ತಾವೆ. ಯಾರಪ್ಪಾ ಅದನ್ನ ಅಲ್ಲಿ ನಿಲ್ಸಿದ್ದು? ಬೇಗ ತೆಗೀರಪ್ಪಾ. ಇಲ್ದಿದ್ರೆ ತೈಗ್ ಟ್ರ್ಯಾಕ್ಟರ್ ತರ್ತಾನೆ. ಅವ್ನಿಗೆ ಹಿಂದೆ ನೋಡಿ ಓಡ್ಸೋ ಅಭ್ಯಾಸ ಇಲ್ಲ."

ನಿರೂಪಕಿ ಕಣ್ಣು ಮುಚ್ಚಿ ಎದೆಗೆ ಕೈ ಇಟ್ಟುಕೊಂಡಳು. ಎರಡನೇ ಸಾಲಿನ ಗಡ್ಡದವನು ತಲೆ ಆಡಿಸುತ್ತಾ ಕಣ್ಣೊರೆಸಿಕೊಂಡ. ಆಮೇಲೆ ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಹಿಂದಿನ ಬೆಂಚಿನಲ್ಲಿ ಊರಿನ ಒಬ್ಬಾಕೆ ನಗು ತಡೆಯಲು ಸ್ಕಾರ್ಫನ್ನು ಬಾಯಿಗೆ ತುರುಕಿಕೊಂಡು ಅಲುಗುತ್ತಿದ್ದಳು. ಪಕ್ಕದ ಡಬ್ಲಿನ್ ಹೆಂಗಸು ಅವಳ ಬೆನ್ನು ಸವರಿ "ನನಗೂ ಹಾಗೇ ಆಯಿತು" ಎಂದು ಸಮಾಧಾನ ಹೇಳಿದಳು. ಹೊರಗಿನಿಂದ ಬಂದವರಲ್ಲಿ ಗಟ್ಟಿಯಾಗಿ ನಕ್ಕವಳು ಒಬ್ಬಳೇ, ಮೊದಲ ಸಾಲಿನ ಮುಯಿರೆನ್.

"ಅಮ್ಮಾ, ಎಲ್ಲರೂ ಕಾರಿಗೆ ಅಳ್ತಿದಾರೆ!" ಎಂದಳು. ತಾಯಿ ಅವಳ ತೋಳು ಚಿವುಟಿದಳು.

ಕಾರು ಮಾತ್ರ ಯಾರೂ ತೆಗೆಯಲಿಲ್ಲ. ಟೀ ಮೇಜಿನ ಹತ್ತಿರ ಫೆಲಿಮ್ ಬಂದು ಗೊಬ್ನಿಟ್‌ಳ ಎರಡೂ ಕೈ ಹಿಡಿದುಕೊಂಡ. ಆತನಿಗೆ ನೌಕರಿಯ ಪರೀಕ್ಷೆಗೆಂದು ಕಲಿತ ಐರಿಷ್ ಒಂದಿಷ್ಟಿತ್ತು. ಆಡಲು ನಾಲ್ಕು ವಾಕ್ಯ, ಕೇಳಿಸಿಕೊಳ್ಳಲು ಒಂದೂ ಇಲ್ಲ.

"ಮಾತೆಯೇ, ತಮ್ಮ ವಾಣಿಯು ಎನ್ನ ಹೃದಯವನ್ನು ಸ್ಪರ್ಶಿಸಿತು," ಎಂದ. ಅವಳ ಗುರುತು ಅವನಿಗೆ ಹತ್ತಲಿಲ್ಲ. ಉಳಿದದ್ದನ್ನು ಇಂಗ್ಲಿಷಿನಲ್ಲೇ ಹೇಳಿದ. "ಅದರಲ್ಲೂ ಆ ಪುಟ್ಟ ಶಾಲೆ! ಎಷ್ಟು ಜೀವಂತವಾಗಿದೆ! ಆ ಸೆಟ್ ಹಾಕಿದವರು ಯಾರು?"

"ನಿಮ್ಮ ಕಾರು ಯಾವ ಬಣ್ಣ?" ಎಂದು ಗೊಬ್ನಿಟ್ ಕೇಳಿದಳು.

"ಬೂದಿ. ಯಾಕೆ?"

ಹೋಗಿ ನೋಡಿದರೆ ದೀಪ ಉರಿದು ಉರಿದು ಬ್ಯಾಟರಿ ಸತ್ತಿತ್ತು. ಗೇಟಿನಾಚೆ ಮೂವತ್ತೊಂದು ಹಸುಗಳು ಶಾಪ ಹಾಕುತ್ತಿದ್ದವು. ತೈಗ್ ತೋಳು ಮಡಿಸಿದ. ಗೊಬ್ನಿಟ್ ಕೀಲಿ ಇಸಿದುಕೊಂಡು ಚಾಲಕನ ಸೀಟಿನಲ್ಲಿ ಕೂತಳು.

"ನಾನ್ ತಿರುಗಿಸ್ತೀನಿ. ನೀವು ತಳ್ಳಿ."

"ನಾನೇ?"

"ನಿಮ್ದೇ ಕಾರಲ್ವಾ."

ಹಸುಗಳು ಬೆಳಿಗ್ಗೆ ಅದೇ ಓಣಿಯಲ್ಲಿ ಹಾದುಹೋಗಿದ್ದವು. ಫೆಲಿಮ್‌ನ ಒಳ್ಳೆಯ ಬೂಟುಗಳು ಸೆಗಣಿಯಲ್ಲಿ ಕಣಕಾಲಿನವರೆಗೆ ಇಳಿದವು. ಗೊಬ್ನಿಟ್ ಕಿಟಕಿಯಿಂದ ತಲೆ ಹೊರಹಾಕಿ, ಜೇಬಿನಲ್ಲಿದ್ದ ಇಂಗ್ಲಿಷ್ ಹಾಳೆಯನ್ನು ನೋಡದೆಯೇ ಪೂರ್ತಿ ಹೇಳಿದಳು: ಸೆಟ್ ಅಲ್ಲ ಅದು, ನೀವು ಮುಚ್ಚಿಸಿದ ಶಾಲೆ. ಒಂಬತ್ತು ಮಕ್ಕಳಿದ್ದರು. ಒಬ್ಬೊಬ್ಬರ ಹೆಸರೂ ಹೇಳಿದಳು. ಹೇಳುತ್ತಾ ಹೇಳುತ್ತಾ, ಸಿನಿಮಾ ಮುಗಿಯುವವರೆಗೂ ಒಣಗಿಯೇ ಇದ್ದ ಅವಳ ಕಣ್ಣು ಆರನೇ ಹೆಸರಿಗೆ ಒದ್ದೆಯಾಯಿತು. ಹ್ಯಾಂಡ್‌ಬ್ರೇಕ್ ಎಳೆದು, ಕೋಟಿನ ತೋಳಿನಿಂದ ಒರೆಸಿಕೊಂಡು, ಮತ್ತೆ ಸಡಿಲಿಸಿದಳು. "ತಳ್ಳಿ, ತಳ್ಳಿ. ಇನ್ನೂ ಮೂರ್ ಜನ ಇದಾರೆ."

ಕಾರು ಹುಲ್ಲಿನ ಅಂಚಿಗೆ ಬಂದಾಗ ಫೆಲಿಮ್ ಏದುಸಿರು ಬಿಡುತ್ತಾ ನಿಂತ. ಮುಖ ನಿಜಕ್ಕೂ ಬಾಡಿತ್ತು.

"ಆಗ ನಾನು ಈ ಸಿನಿಮಾ ನೋಡಿರಲಿಲ್ಲವಲ್ಲ," ಎಂದ.

ಗೊಬ್ನಿಟ್ ಕಾರಿನಿಂದ ಇಳಿದು ಕೀಲಿಯನ್ನು ಅವನ ಕೈಗೆ ಹಾಕಿದಳು. ತೈಗ್ ಗೇಟು ತೆಗೆದ. ಹಸುಗಳು ಬೂಟು ಯಾರದೆಂದು ವಿಚಾರಿಸದೆ ನುಗ್ಗಿದವು.

ಫೆಲಿಮ್ ಕೃತಘ್ನನಲ್ಲ. ಡಬ್ಲಿನ್‌ಗೆ ಹೋಗಿ ಕಡತ ತೆರೆದ, ಅಲ್ಲಿ ಇಲ್ಲಿ ಹೇಳಿದ. ಒಂದು ವರ್ಷದಲ್ಲಿ ಫಲ ಸಿಕ್ಕಿತು: ಆ ಪ್ರಸಿದ್ಧ ಸಿನಿಮಾ ಇಲ್ಲಿ ತಯಾರಾಯಿತು ಎಂಬ ತಾಮ್ರದ ಫಲಕ ಶಾಲೆಯ ಗೋಡೆಗೆ ಬಂತು. ಎರಡು ಭಾಷೆಯಲ್ಲಿತ್ತು. ಇಂಗ್ಲಿಷಿನಲ್ಲಿ ತಪ್ಪಿರಲಿಲ್ಲ.

ಫಲಕ ಬಂದಮೇಲೆ ಪ್ರವಾಸಿಗರು ಬಂದರು. ಅವರನ್ನು ತಿರುಗಿಸಲು ಪ್ರವಾಸೋದ್ಯಮದವರಿಗೆ ಬಸ್ಸು ಬೇಕಾಯಿತು, ಬಸ್ಸಿಗೆ ಆ ಓಣಿಗಳಲ್ಲಿ ಓಡಿಸಬಲ್ಲವರು ಬೇಕಾದರು. ಗೊಬ್ನಿಟ್ ಒಂದು ವಾರ "ಸತ್ರೂ ಹೋಗಲ್ಲ" ಎಂದಳು. ಎರಡನೇ ವಾರ ಸ್ಟೀರಿಂಗ್ ಹಿಡಿದಳು. ಆಲೂಗಡ್ಡೆಯ ಜೊತೆ ಎಷ್ಟೆಂದು ಮಾತಾಡುವುದು? ಒಂಬತ್ತು ಮಕ್ಕಳಿಗೆ ಇಲ್ಲವಾಗಿದ್ದ ಬಸ್ಸು ಈಗ ದಿನಕ್ಕೆ ಎರಡು ಸಲ ಇಪ್ಪತ್ತೆಂಟು ದೊಡ್ಡವರನ್ನು ತುಂಬಿಕೊಂಡು ಕತ್ತೆ ನೋಡಲು ಹೋಗುತ್ತದೆ.

ಮೊನ್ನೆ ಶಾಲೆಯ ಹತ್ತಿರ ನಿಲ್ಲಿಸಿದ್ದಳು. ಜನ ಪುಟ್ಟ ಬೆಂಚುಗಳಲ್ಲಿ ಮಂಡಿ ಮಡಿಸಿ ಕೂತು ಫೋಟೋ ತೆಗೆಸಿಕೊಂಡರು. ಒಬ್ಬ ಹೆಂಗಸು ಹೊರಗೆ ಬಂದು, ಖಾಲಿ ಆಟದ ಬಯಲು ನೋಡಿ ಮೆಲ್ಲಗೆ ಕೇಳಿದಳು:

"ಈ ಊರಿನಲ್ಲಿ ಮಕ್ಕಳೇ ಕಾಣುವುದಿಲ್ಲವಲ್ಲ, ಎಲ್ಲಿ ಹೋದರು?"

"ಶಾಲೆಗೆ," ಎಂದಳು ಗೊಬ್ನಿಟ್.

ಹೆಂಗಸು ಸಮಾಧಾನದಿಂದ ತಲೆಯಾಡಿಸಿದಳು. ಗೊಬ್ನಿಟ್ ಹಾರ್ನ್ ಹೊಡೆದು ಎಲ್ಲರನ್ನೂ ಒಳಗೆ ಕರೆದು, ತಲೆ ಎಣಿಸಿ, ಬಸ್ಸು ಬಿಟ್ಟಳು.